ಬರಿದಾದ ಬರಣಿಗೆ ಹತ್ತು ಕೆಲಸ
ಬೆಳಗಾವಿ–ಖಾನಾಪುರದ ಮನೆಗಳಲ್ಲಿ ನಾವು ಕಂಡದ್ದು, ಕಲಿತದ್ದು

ಕಳೆದ ವೈಶಾಖದಲ್ಲಿ ಮದುವೆಯೊಂದರ ನಿಮಿತ್ತ ಮಲೆನಾಡಿನಿಂದ ನಾವು ನಾಲ್ಕು ಮಂದಿ ಬೆಳಗಾವಿಗೆ ಹೋಗಿದ್ದೆವು. ಮದುವೆಯ ಮರುದಿನ ರವಿವಾರ ಪೇಟೆ, ಖಡೇಬಜಾರ್‌ಗಳನ್ನು ಸುತ್ತುತ್ತಿರುವಾಗ ಮೋಡಕಾ ಅಂಗಡಿಯೊಂದರ ಮುಂದೆ ದೊಡ್ಡ ದೊಡ್ಡ ಗಾಜಿನ ಬರಣಿಗಳ ಸಾಲು ಕಣ್ಣಿಗೆ ಬಿತ್ತು. ಕಿರಾಣಿ ಅಂಗಡಿಯ ಹಲಗೆಯ ಮೇಲೆ ಪೆಪ್ಪರಮಿಂಟು, ಬಿಸ್ಕತ್ತು, ಚಕ್ಕುಲಿ ತುಂಬಿಕೊಂಡು ಕೂರುತ್ತಿದ್ದ ಬರಣಿಗಳು ಅವು. ಪ್ಲಾಸ್ಟಿಕ್ ಡಬ್ಬಿಗಳು ಬಂದ ಮೇಲೆ ಹಲವು ಅಂಗಡಿಗಳಿಂದ ಹೊರಬಿದ್ದು, ತೂಕದ ಲೆಕ್ಕದಲ್ಲಿ ಗುಜರಿಗೆ ಬಂದಿವೆ. ನಮ್ಮ ಕಡೆಯ ಅಟ್ಟಗಳ ಮೇಲೂ ಇಂಥವು ಧೂಳು ತಿನ್ನುತ್ತಿರುವುದನ್ನು ಸದಸ್ಯ ಬಾಂಧವರು ಬಲ್ಲರು.

ನಾವು ಇಳಿದುಕೊಂಡಿದ್ದುದು ಶಹಾಪುರದ ಬೀಗರ ಮನೆಯಲ್ಲಿ. ಅಲ್ಲಿನ ಅಡಿಗೆಮನೆಯಲ್ಲಿ ಇದೇ ಬರಣಿಗಳು ಸಾಲಾಗಿ ಕುಳಿತಿದ್ದವು. ಒಂದರಲ್ಲಿ ಶೇಂಗಾ ಚಟ್ನಿ, ಒಂದರಲ್ಲಿ ಅಗಸಿ, ಮತ್ತೊಂದರಲ್ಲಿ ಗುರೆಳ್ಳು, ಕೊನೆಯದರಲ್ಲಿ ಹಸಿ ಕೆಂಪುಮೆಣಸಿನ ರಂಜಕ. ಡಬ್ಬಿ ಬಿಟ್ಟು ಬರಣಿ ಏಕೆಂದು ಕೇಳಿದರೆ ಮನೆಯ ಹಿರಿಯಾಕೆ ನಕ್ಕು, "ಪ್ಲಾಸ್ಟಿಕ್ ಡಬ್ಬಿ ಖಾರದ ವಾಸನಿ ಹೀರತೈತ್ರೆಪಾ, ಗಾಜು ಹೀರಂಗಿಲ್ಲ. ತೊಳದ್ರ ಮತ್ತ ಹೊಸಾದು," ಎಂದರು. ಮಾತು ಚಿಕ್ಕದು, ವಿಷಯ ಪೂರ್ತಿಯಾಗಿದೆ. ಉಪ್ಪು, ಹುಳಿ, ಎಣ್ಣೆ, ಖಾರ ಯಾವುದೂ ಗಾಜಿಗೆ ಅಂಟುವುದಿಲ್ಲ, ಗಾಜಿನದು ಯಾವುದೂ ಪದಾರ್ಥಕ್ಕೆ ಇಳಿಯುವುದಿಲ್ಲ. ಒಳಗೆ ಬೂಷ್ಟು ಹಿಡಿದರೆ, ಹುಳ ಬಿದ್ದರೆ ಮುಚ್ಚಳ ತೆಗೆಯುವ ಮುಂಚೆಯೇ ಕಣ್ಣಿಗೆ ಕಾಣುತ್ತದೆ.

ಎರಡು ದಿನ ಬಿಟ್ಟು ಖಾನಾಪುರ ತಾಲೂಕಿನ ಜಾಂಬೋಟಿ ಕಡೆಯ ಒಂದು ತೋಟದ ಮನೆಗೆ ಹೋದೆವು. ಮಲಪ್ರಭೆ ಹುಟ್ಟುವ ಕಣಕುಂಬಿಯ ಸೆರಗಿನ ಸೀಮೆ ಅದು. ಮಳೆಗಾಲದಲ್ಲಿ ನಮ್ಮ ಮಲೆನಾಡಿಗೆ ಕಡಿಮೆಯಿಲ್ಲದ ಮಳೆ. ಭತ್ತ, ಗೇರು, ಮನೆಯ ಸುತ್ತ ಒಂದಿಷ್ಟು ಅಡಿಕೆ. ಆ ಮನೆಯಲ್ಲಿ ಬರಣಿಗಳು ಅಡಿಗೆಮನೆ ದಾಟಿ ಅಂಗಳಕ್ಕೆ, ತೋಟಕ್ಕೆ ಇಳಿದಿದ್ದವು. ಕಂಡದ್ದನ್ನೂ ನಮ್ಮ ಮನೆಗಳಲ್ಲಿ ಮಾಡಿ ನೋಡಿದ್ದನ್ನೂ ಇಲ್ಲಿ ಕೂಡಿಸಿ ಬರೆದಿದ್ದೇವೆ.

ಬರಣಿಯ ಪರೀಕ್ಷೆ

ಮೊದಲು ಬಾಯಿಯ ಅಂಚಿನ ಸುತ್ತ ಬಟ್ಟೆಯನ್ನು ಮೆಲ್ಲಗೆ ಎಳೆಯಿರಿ. ಎಲ್ಲಿಯಾದರೂ ನೂಲು ಸಿಕ್ಕಿಕೊಂಡರೆ ಅಲ್ಲಿ ಗಾಜು ಚಕ್ಕೆ ಎದ್ದಿದೆ. ಅಂಥದನ್ನು ಆಹಾರಕ್ಕೆ ಬಳಸಕೂಡದು. ಬೆಳಕಿಗೆ ಹಿಡಿದು ಕೂದಲೆಳೆಯ ಬಿರುಕು ಇದೆಯೇ ಎಂದೂ ನೋಡಬೇಕು. ತಳದ ಜಿಡ್ಡಿಗೆ ಕೈ ಹೋಗದಿದ್ದರೆ ಒಂದು ಹಿಡಿ ಅಕ್ಕಿ, ಸ್ವಲ್ಪ ಅಡಿಗೆ ಸೋಡಾ, ಉಗುರುಬೆಚ್ಚನೆಯ ನೀರು ಹಾಕಿ ಕುಲುಕಿದರೆ ಬಿಡುತ್ತದೆ. ಕುದಿನೀರು ಮಾತ್ರ ಸುರಿಯಬೇಡಿ. ದಪ್ಪ ಗಾಜಿನ ಒಳಮೈ ಬಿಸಿಗೆ ಹಿಗ್ಗುವಾಗ ಹೊರಮೈ ತಣ್ಣಗೇ ಇರುತ್ತದೆ. ಆ ಎಳೆದಾಟಕ್ಕೆ ಬರಣಿ ಒಡೆಯುತ್ತದೆ. ಉಪ್ಪಿನಕಾಯಿಯ ಒಗ್ಗರಣೆಯನ್ನೂ ಪೂರ್ತಿ ಆರಿಸಿಯೇ ಹಾಕತಕ್ಕದ್ದು. ತೊಳೆದ ಬರಣಿಯನ್ನು ಬೋರಲಿಟ್ಟು ನೀರಿಳಿಸಿ, ಒಂದು ಹಗಲು ಬಿಸಿಲಿನಲ್ಲಿ ಒಣಗಿಸಬೇಕು. ಒಳಗೆ ಉಳಿದ ಒಂದು ಹನಿ ಒಂದು ವರ್ಷದ ಮಿಡಿಯನ್ನು ಕೆಡಿಸಬಲ್ಲದು.

ತಗಡಿನ ಮುಚ್ಚಳ ಉಪ್ಪು–ಹುಳಿಗೆ ತುಕ್ಕು ಹಿಡಿಯುತ್ತದೆ. ಉಪ್ಪಿನಕಾಯಿ ಬರಣಿಯ ಬಾಯಿಗೆ ಎರಡು ಮಡಿಕೆಯ ಶುಭ್ರ ಬಟ್ಟೆ ಕಟ್ಟಿ, ಅದರ ಮೇಲೆ ಪಿಂಗಾಣಿ ತಟ್ಟೆ ಮುಚ್ಚಬಹುದು. ಮುಚ್ಚಳ ಕಳೆದ ಹುಣಸೆಹಣ್ಣಿನ ಬರಣಿಗೆ ಜಾಂಬೋಟಿಯ ಮನೆಯವರು ಕುಂಬಾರರಿಂದ ಮಣ್ಣಿನ ಮುಚ್ಚಳ ಮಾಡಿಸಿದ್ದರು. ಖಾನಾಪುರದ ಜೇಡಿಮಣ್ಣು ಹಂಚಿಗೂ ಮಡಕೆಗೂ ಹೆಸರಾದದ್ದು. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ನೆಲೆಸಿದ್ದೂ ಆ ಊರಿನಲ್ಲೇ.

ಬಿಸಿಲೇ ಒಲೆ

ನಾವು ಹೋದಾಗ ಅಂಗಳದ ಕಟ್ಟೆಯ ಮೇಲೆ ಎರಡು ಬರಣಿಗಳಲ್ಲಿ ಮುರುಗಲು ಪಾಕ ಇಳಿಯುತ್ತಿತ್ತು. ಆ ಕಡೆ ಅದಕ್ಕೆ ಕೋಕಂ ಎನ್ನುತ್ತಾರೆ. ಕ್ರಮ ಸುಲಭ. ಚೆನ್ನಾಗಿ ಹಣ್ಣಾದ ಮುರುಗಲನ್ನು ತೊಳೆದು, ನೀರಾರಿಸಿ, ಹೋಳು ಮಾಡಿ ಬೀಜ ತೆಗೆಯುವುದು. ಒಂದು ಪಾಲು ಸಿಪ್ಪೆಗೆ ಎರಡು ಪಾಲು ಸಕ್ಕರೆಯಂತೆ ಒಂದರ ಮೇಲೊಂದು ಪದರ ಹಾಕಿ, ಬಾಯಿಗೆ ತೆಳುಬಟ್ಟೆ ಕಟ್ಟಿ, ಏಳೆಂಟು ದಿನ ಬಿಸಿಲಿಗಿಡುವುದು. ದಿನಕ್ಕೊಮ್ಮೆ ಒಣಗಿದ ಮರದ ಸೌಟಿನಿಂದ ಆಡಿಸಬೇಕು, ಸಂಜೆ ಒಳಗಿಡಬೇಕು. ಸಕ್ಕರೆ ಪೂರ್ತಿ ಕರಗಿ ಕೆಂಪು ಪಾಕ ಮೇಲೆ ಬಂದಾಗ ಸೋಸಿ, ಚಿಟಿಕೆ ಉಪ್ಪು, ಜೀರಿಗೆ ಪುಡಿ ಸೇರಿಸಿದರೆ ಮುಗಿಯಿತು. ಸೌದೆ ಬೇಡ, ಗ್ಯಾಸು ಬೇಡ. ನಮ್ಮ ಬೇಲಿಯ ಸಾಲಿನಲ್ಲಿ ಉದುರಿ ಹೋಗುವ ಮುರುಗಲಿಗೆ ಇದಕ್ಕಿಂತ ಸುಲಭದ ದಾರಿ ಕಾಣೆವು.

ಕಾಫಿ, ಜೇನು

ಮನೆಗೆ ಹುರಿದ ಕಾಫಿ ಬೀಜವನ್ನು ಬರಣಿಯಲ್ಲಿಡುವವರು ಎರಡು ಮಾತು ನೆನಪಿಡಬೇಕು. ಹೊಸದಾಗಿ ಹುರಿದ ಬೀಜ ಇಂಗಾಲದ ಅನಿಲವನ್ನು ಬಿಡುತ್ತಿರುತ್ತದೆ. ಆದುದರಿಂದ ಮೊದಲ ಒಂದು ದಿನ ಮುಚ್ಚಳ ಬಿಗಿ ಮಾಡಬಾರದು. ಎರಡನೆಯದು, ಬೆಳಕೂ ಗಾಳಿಯೂ ಪರಿಮಳದ ಶತ್ರುಗಳು. ಬರಣಿಯನ್ನು ಕಪಾಟಿನ ಕತ್ತಲಲ್ಲಿಡಬೇಕು, ಅರ್ಧ ಖಾಲಿಯಾದಾಗ ಚಿಕ್ಕ ಬರಣಿಗೆ ಬದಲಿಸಬೇಕು. ಪುಡಿ ಬೀಜಕ್ಕಿಂತ ಬೇಗ ಸಾರ ಕಳೆದುಕೊಳ್ಳುವುದರಿಂದ ವಾರಕ್ಕೆ ಬೇಕಾದಷ್ಟೇ ಪುಡಿ ಮಾಡಿಸಿಕೊಳ್ಳುವುದು ಲೇಸು.

ಜೇನು ಗಟ್ಟಿಯಾದರೆ ಕೆಟ್ಟಿತೆಂದು ತಿಳಿಯಬೇಡಿ. ಬರಣಿಯನ್ನು ಉಗುರುಬೆಚ್ಚನೆಯ ನೀರಿನಲ್ಲಿ ಕೂರಿಸಿದರೆ ಕರಗುತ್ತದೆ, ಒಲೆಯ ಮೇಲೆ ಇಡಬಾರದು. ಮೇಲೆ ನೊರೆ ಎದ್ದು ಹುಳಿ ವಾಸನೆ ಬಂದರೆ ಮಾತ್ರ ನೀರಿನಂಶ ಹೆಚ್ಚಾಗಿ ಹುದುಗಿದೆ ಎಂದರ್ಥ.

ಬೀಜದ ಕಾಪು

ತರಕಾರಿ ಬೀಜವನ್ನು ಜಡಿಮಳೆಯಲ್ಲಿ ಕಾಪಾಡುವುದು ನಮಗೆಲ್ಲ ಕಷ್ಟ. ಒಣಗಿದ ಬೂದಿಯನ್ನೋ ಕೆಂಪಗೆ ಹುರಿದ ಅಕ್ಕಿಯನ್ನೋ ಬಟ್ಟೆಯಲ್ಲಿ ಗಂಟು ಕಟ್ಟಿ ಬರಣಿಯ ತಳಕ್ಕೆ ಹಾಕಿ, ಮೇಲೆ ಬೀಜದ ಪೊಟ್ಟಣಗಳನ್ನಿಟ್ಟು ಬಿಗಿಯಾಗಿ ಮುಚ್ಚಿದರೆ ಒಳಗಿನ ತೇವವನ್ನು ಗಂಟು ಹೀರಿಕೊಳ್ಳುತ್ತದೆ. ಬೀಜ ಒಣಗಿದೆಯೇ ಎಂದು ತಿಳಿಯಲು ಸ್ವಲ್ಪ ಬೀಜವನ್ನು ಮುಚ್ಚಿದ ಬರಣಿಯಲ್ಲಿ ಒಂದು ಗಳಿಗೆ ಎಳೆಬಿಸಿಲಿಗಿಡಿ. ಒಳಗೋಡೆಗೆ ಮಂಜು ಕಟ್ಟಿದರೆ ಇನ್ನೂ ಹಸಿ ಇದೆ. ಹಸಿ ಬೀಜವನ್ನು ಮುಚ್ಚಿಟ್ಟರೆ ಬೂಷ್ಟೇ ಬೆಳೆ.

ಆದರೆ ಬಿತ್ತನೆಯ ಅಡಿಕೆಗೆ ಈ ಉಪಾಯ ಸಲ್ಲದು. ಗೋಟು ಒಣಗಿದರೆ ಮೊಳಕೆಯೇ ಸಾಯುತ್ತದೆ. ಕಾಫಿ ಬೀಜವೂ ಬಹುಕಾಲ ಕಾಯುವುದಿಲ್ಲ. ಇವೆರಡನ್ನೂ ಆರಿಸಿದ ಮೇಲೆ ತಡಮಾಡದೆ ಪಾತಿಗೆ ಹಾಕುವುದೇ ಸರಿ.

ಮಳೆ ಅಳೆಯುವ ಬರಣಿ

ಹೂಮಳೆ ಒಂದು ಅಂಗುಲ ಬಿದ್ದಿತೋ ಅರ್ಧಕ್ಕೇ ನಿಂತಿತೋ ಎಂಬುದರ ಮೇಲೆ ಕಾಫಿ ಬೆಳೆಗಾರನ ವರ್ಷವೇ ನಿಂತಿದೆ. ಅರ್ಧಕ್ಕೆ ನಿಂತಿದ್ದರೆ ಉಳಿದದ್ದನ್ನು ತುಂತುರು ನೀರಾವರಿಯಿಂದ ತುಂಬಬೇಕು. ಅಂದಾಜಿನಲ್ಲಿ ಹೇಳುವ ಲೆಕ್ಕ ಇಲ್ಲಿ ಸಾಲದು. ಒಂದು ಎಕರೆಗೆ ಒಂದು ಅಂಗುಲವೆಂದರೆ ಸುಮಾರು 1 ಲಕ್ಷ ಲೀಟರ್ ನೀರು!

ನೆಟ್ಟಗಿನ ಗೋಡೆಯ ಬರಣಿಯೊಂದನ್ನು ತೆಗೆದುಕೊಳ್ಳಿ. ತಳ ಉಬ್ಬುತಗ್ಗಾಗಿರುವುದರಿಂದ ಮೊದಲು ಸ್ವಲ್ಪ ನೀರು ಹಾಕಿ, ನೀರು ಸಮವಾಗಿ ನಿಂತ ಮಟ್ಟಕ್ಕೆ ಬಣ್ಣದಿಂದ ಸೊನ್ನೆ ಗೆರೆ ಎಳೆಯಿರಿ. ಅಲ್ಲಿಂದ ಮೇಲೆ ಅಳತೆಪಟ್ಟಿ ಹಿಡಿದು ಅಂಗುಲ, ಮಿಲಿಮೀಟರ್ ಗುರುತು ಮಾಡಿ. 1 ಅಂಗುಲಕ್ಕೆ 25.4 ಮಿಲಿಮೀಟರ್. ಬರಣಿಯ ಒಳವ್ಯಾಸದಷ್ಟೇ ಅಗಲದ ಬಾಯಿಯುಳ್ಳ ಆಲಿಕೆಯನ್ನು ಮೇಲಿಟ್ಟರೆ ಕಂಡ ಅಳತೆಯೇ ಮಳೆ. ಆಲಿಕೆಯ ವ್ಯಾಸ ಬರಣಿಯ ಎರಡರಷ್ಟಿದ್ದರೆ ಕಂಡದ್ದನ್ನು ನಾಲ್ಕರಿಂದ ಭಾಗಿಸಬೇಕು. ಮರದ ನೆರಳು, ಮಾಡಿನ ಹನಿ ಬೀಳದ ಬಯಲಿನಲ್ಲಿ ಸುತ್ತ ಕಲ್ಲು ಒತ್ತರಿಸಿ ನಿಲ್ಲಿಸಿ. ಹವಾಮಾನ ಇಲಾಖೆಯವರಂತೆ ಬೆಳಿಗ್ಗೆ 8.30ಕ್ಕೆ ನೋಡಿ ಬರೆದು, ಮತ್ತೆ ಸೊನ್ನೆ ಗೆರೆಗೆ ನೀರು ತನ್ನಿ. ಜಾಂಬೋಟಿಯ ಮನೆಯಲ್ಲಿ ಈ ಲೆಕ್ಕ ಪಂಚಾಂಗದ ಅಂಚಿನಲ್ಲಿ ಏರುತ್ತಿತ್ತು. ಬರೆಯುವ ಕೆಲಸ ಶಾಲೆಗೆ ಹೋಗುವ ಮಗಳದು.

ಮಣ್ಣು ತಾನೇ ಹೇಳುತ್ತದೆ

ಬರಣಿಯ ಮೂರನೆಯ ಒಂದು ಭಾಗ ಮಣ್ಣು, ಉಳಿದದ್ದು ನೀರು, ಒಂದು ಚಮಚ ಬಟ್ಟೆ ಸೋಪಿನ ಪುಡಿ. ಚೆನ್ನಾಗಿ ಕುಲುಕಿ ಅಲುಗದ ಜಾಗದಲ್ಲಿಡಿ. ಒಂದೆರಡು ನಿಮಿಷದಲ್ಲಿ ಮರಳು ತಳ ಸೇರುತ್ತದೆ. ಕೆಲವು ಗಂಟೆಗಳಲ್ಲಿ ಗೋಡು ಅದರ ಮೇಲೆ ಕೂರುತ್ತದೆ. ಜೇಡಿ ಮಾತ್ರ ಮರುದಿನ, ಕೆಲವೊಮ್ಮೆ ಅದರ ಮರುದಿನ. ಪದರಗಳ ದಪ್ಪ ಅಳೆದರೆ ಯಾವುದು ಎಷ್ಟೆಂದು ಸ್ಥೂಲವಾಗಿ ತಿಳಿಯುತ್ತದೆ. ಆ ಮನೆಯವರು ಗದ್ದೆಯ ಮಣ್ಣನ್ನೂ ಅಡಿಕೆ ಬುಡದ ಕೆಂಪು ಮಣ್ಣನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರು. ಗದ್ದೆಯದು ಮೂರನೆಯ ದಿನವೂ ರಾಡಿಯಾಗಿಯೇ ಇತ್ತು. ಅಂಥ ಮಣ್ಣಿನಲ್ಲಿ ಅಡಿಕೆ ಹಾಕುವವರು ಸಸಿಗಿಂತ ಮುಂಚೆ ಬಸಿಗಾಲುವೆಯ ಯೋಚನೆ ಮಾಡಬೇಕು.

ಗಾಜಿನೊಳಗಿನ ಗಿಡ

ಮೆಣಸಿನ ಬಳ್ಳಿಯ ಅಪರೂಪದ ತುಂಡೊಂದು ಸಿಕ್ಕರೆ ನೆರಳಿನಲ್ಲಿ ಊರಿ ಮೇಲೆ ಬರಣಿ ಬೋರಲು ಹಾಕಿ. ಒಳಗಿನ ತೇವ ಆರದೆ ಬೇರೊಡೆಯಲು ಅನುಕೂಲ. ಬಿಸಿಲು ತಾಗಿದರೆ ಮಾತ್ರ ಬೆಂದುಹೋದೀತು. ಈ ತತ್ವ ಹಳೆಯದು. 1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಎಂಬುವರು ಪತಂಗದ ಕೋಶವನ್ನು ಮುಚ್ಚಿಟ್ಟಿದ್ದ ಸೀಸೆಯಲ್ಲಿ ಜರಿಗಿಡವೊಂದು ತಾನಾಗಿ ಚಿಗುರಿದ್ದನ್ನು ಕಂಡರು. ಅದರಿಂದ ಹುಟ್ಟಿದ ಗಾಜಿನ ಪೆಟ್ಟಿಗೆಗಳಲ್ಲಿಯೇ 1848ರ ನಂತರ ರಾಬರ್ಟ್ ಫಾರ್ಚೂನ್ ಚೀನದ ಚಹಾ ಸಸಿಗಳನ್ನು ಹಿಮಾಲಯದ ತಪ್ಪಲಿಗೆ ಸಾಗಿಸಿದ್ದು.

ನೀಲಿ ಬರಣಿ

ಇನ್ನು ಮುಖ್ಯ ಮಾತು. ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ, ಗಾಜನ್ನು ಮುಟ್ಟುವುದಿಲ್ಲ. ಆದುದರಿಂದ ತುತ್ತ ಕರಗಿಸಲು ಗಾಜಿನ ಬರಣಿ ಒಳ್ಳೆಯ ಪಾತ್ರೆ. 5 ಲೀಟರಿನ ಬರಣಿಯಲ್ಲಿ 4 ಲೀಟರ್ ನೀರು ತುಂಬಿ, 1 ಕಿಲೋ ತುತ್ತವನ್ನು ಬಟ್ಟೆಯಲ್ಲಿ ಕಟ್ಟಿ ನೀರಿನ ಮೇಲ್ಮಟ್ಟಕ್ಕೆ ಮುಳುಗುವಂತೆ ತೂಗುಬಿಟ್ಟರೆ, ಕರಗಿದ ದ್ರಾವಣ ಭಾರವಾಗಿ ಕೆಳಗಿಳಿಯುತ್ತ ಬೆಳಗಾಗುವುದರೊಳಗೆ ಗಂಟು ಬರಿದಾಗಿರುತ್ತದೆ. ಇದನ್ನು 50 ಲೀಟರಿಗೆ ಹಿಗ್ಗಿಸಿ, ಬೇರೆ 50 ಲೀಟರಿನಲ್ಲಿ ಕದಡಿದ 1 ಕಿಲೋ ಸುಣ್ಣದ ತಿಳಿಗೆ ಸುರಿಯುತ್ತ ಕಲಕಿದರೆ ಶೇಕಡಾ 1ರ ಬೋರ್ಡೋ ದ್ರಾವಣ. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಕೊಳೆರೋಗಕ್ಕೆ ತೋರಿಸಿಕೊಟ್ಟ ಮದ್ದು ಇಂದಿಗೂ ಇದೇ. ತುತ್ತದ ನೀರು ಇಟ್ಟರೆ ಉಳಿಯುತ್ತದೆ. ಸುಣ್ಣ ಬೆರೆಸಿದ ಮೇಲೆ ಅಂದೇ ಸಿಂಪಡಿಸಿ ಮುಗಿಸಬೇಕು.

ಉಳಿಯುತ್ತದೆ ಎಂಬಲ್ಲಿಯೇ ಅಪಾಯವಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲೇ ಹೀಗೆ ಉಳಿದ ತುತ್ತದ ನೀರನ್ನು ಹಳೆಯ ಶರಬತ್ತಿನ ಬರಣಿಯಲ್ಲಿ ಹಿತ್ತಿಲ ಜಗಲಿಯ ಮೇಲಿಟ್ಟಿದ್ದೆವು. ಬೇಸಿಗೆ ರಜೆಗೆ ಬಂದ ಮೊಮ್ಮಗ ಆ ನೀಲಿ ಬಣ್ಣಕ್ಕೆ ಮರುಳಾಗಿ ಲೋಟಕ್ಕೆ ಬಗ್ಗಿಸಿಕೊಂಡಿದ್ದ. ಕೊಟ್ಟಿಗೆಯಿಂದ ಬರುತ್ತಿದ್ದ ಅವನ ಅಜ್ಜಿ ಕಂಡು ಕೈಯಿಂದ ಲೋಟ ಹಾರಿಸದೆ ಇದ್ದಿದ್ದರೆ ಮುಂದಿನದನ್ನು ಯೋಚಿಸಲಾರೆವು. ತಪ್ಪು ಹುಡುಗನದಲ್ಲ, ನಮ್ಮದು. ಶರಬತ್ತಿನ ಬರಣಿಯಲ್ಲಿ ಶರಬತ್ತೇ ಇರುತ್ತದೆ ಎಂದು ಅವನಿಗೆ ಕಲಿಸಿದವರು ನಾವೇ.

ಅಂದಿನಿಂದ ನಮ್ಮಲ್ಲಿ ಕಟ್ಟುಪಾಡು ಹೀಗಿದೆ:

1. ತುತ್ತಕ್ಕೆ ಬಳಸಿದ ಬರಣಿ ಮತ್ತೆ ಅಡಿಗೆಮನೆಗೆ ಬರಕೂಡದು. ಅದರ ಕುತ್ತಿಗೆಗೆ ಕೆಂಪು ಬಣ್ಣದ ಪಟ್ಟೆ, ಮೈಮೇಲೆ ದಪ್ಪ ಅಕ್ಷರದಲ್ಲಿ 'ವಿಷ'.

2. ತಿನ್ನುವ ಪದಾರ್ಥದ ಬರಣಿಯ ಆಕಾರದ್ದನ್ನು ತುತ್ತಕ್ಕೆ ಆರಿಸಬಾರದು. ಬುಟ್ಟಿಯಲ್ಲಿ ಕೂರಿಸಿ, ಬೀಗವಿರುವ ಉಗ್ರಾಣದಲ್ಲಿ ನೆಲದ ಮೇಲೇ ಇಡಬೇಕು.

3. ಕೀಟನಾಶಕ, ಕಳೆನಾಶಕಗಳನ್ನು ಅವು ಬಂದ ಡಬ್ಬಿಯಿಂದ ಬೇರೆ ಯಾವುದಕ್ಕೂ ಸುರಿಯಬಾರದು. ಆ ಡಬ್ಬಿ, ಸೀಸೆಗಳನ್ನು ಎಷ್ಟು ತೊಳೆದರೂ ಮನೆಗೆ ಬಳಸಬಾರದು. ಬಳಸಿದ ಪಾತ್ರೆ ಮರುಬಳಕೆಯಾಗದಂತೆ ಒಡೆದು, ವಸತಿಯಿಂದ ದೂರ ಹೂಳಬೇಕೆಂದು 1971ರ ಕೀಟನಾಶಕ ನಿಯಮಗಳೇ ಹೇಳುತ್ತವೆ.

4. ಗುಜರಿಯಲ್ಲಿ ಕೊಂಡ ಬರಣಿಯಲ್ಲಿ ಮೊದಲು ಏನಿತ್ತೆಂದು ಖಾತ್ರಿಯಿಲ್ಲದಿದ್ದರೆ ಮಳೆ ಅಳೆಯಲು, ಮಣ್ಣು ನೋಡಲು ಮಾತ್ರ ಬಳಸಿ. ಊಟದ ಪದಾರ್ಥಕ್ಕೆ ಬೇಡ.

5. ಯಾರಾದರೂ ಕುಡಿದೇಬಿಟ್ಟರೆ ಮನೆಮದ್ದು ಮಾಡುತ್ತ ಕೂರದೆ, ಪೊಟ್ಟಣದ ಚೀಟಿಯೊಂದಿಗೆ ಕೂಡಲೇ ಆಸ್ಪತ್ರೆಗೆ.

ಒಡೆದ ಗಾಜಿನ ಬಗೆಗೂ ಒಂದು ಮಾತು. ಅದನ್ನು ಗೊಬ್ಬರದ ಗುಂಡಿಗೆ ಎಸೆಯುವ ಅಭ್ಯಾಸ ಬಿಡಬೇಕು. ಗಾಜು ಕೊಳೆಯುವುದಿಲ್ಲ. ಗೊಬ್ಬರದೊಂದಿಗೆ ಅಡಿಕೆ ಬುಡಕ್ಕೆ ಹೋಗಿ, ಬರಿಗಾಲಿನಲ್ಲಿ ದುಡಿಯುವವರ ಪಾದಕ್ಕೆ ಎಂದೋ ಒಂದು ದಿನ ಸಿಕ್ಕುತ್ತದೆ. ಚೂರುಗಳನ್ನು ಗೋಣಿಯಲ್ಲಿ ಕಟ್ಟಿ ಗುಜರಿಗೆ ಕೊಟ್ಟರೆ ಕರಗಿ ಮತ್ತೆ ಗಾಜಾದೀತು.

ಬೆಳಗಾವಿಯಿಂದ ಹೊರಡುವ ದಿನ ಶಹಾಪುರದ ತಾಯಿ ರಂಜಕದ ಬರಣಿಯೊಂದನ್ನು ಹಳೆಯ ಸೀರೆಯಲ್ಲಿ ಸುತ್ತಿ ನಮ್ಮ ಕೈಗಿತ್ತರು. "ಖಾರ ತೀರಿದ ಮ್ಯಾಲ ಬರಣಿ ಒಗೀಬ್ಯಾಡ್ರಿ ಮತ್ತ," ಎಂದು ಬಾಗಿಲವರೆಗೆ ಬಂದು ಹೇಳಿದರು. ಖಾರ ಈಗ ತೀರಿದೆ. ಬರಣಿ ನಮ್ಮ ಅಂಗಳದಲ್ಲಿ ಸೊನ್ನೆ ಗೆರೆ ಬರೆಸಿಕೊಂಡು ಮಳೆಗೆ ಬಾಯಿತೆರೆದು ನಿಂತಿದೆ. ಸದಸ್ಯ ಬಾಂಧವರೂ ಅಟ್ಟದ ಮೇಲಿನದನ್ನು ಇಳಿಸಿ, ತೊಳೆದು, ಕೆಲಸಕ್ಕೆ ಹಚ್ಚಲಿ. ಬೇರೆ ಉಪಾಯಗಳಿದ್ದರೆ ನಮಗೂ ಬರೆದು ತಿಳಿಸಲಿ.