ಗಡಿಗೆಯ ಮೈ ಹಸಿಯಾದ ದಿನ

ಭರಣಿ ಮಳೆಯ ದಿನಗಳು. ಪಂಚಾಂಗದಲ್ಲಿ ಮಳೆಯಿದೆ, ಮುಗಿಲಲ್ಲಿ ಇಲ್ಲ. ಸಿಂಧನೂರು ಸೀಮೆಯ ನಮ್ಮೂರಲ್ಲಿ ಬೆಳಗಿನ ಏಳಕ್ಕೇ ಬಿಸಿಲು ಮಾಳಿಗೆ ಇಳಿದು ಅಂಗಳಕ್ಕೆ ಬಂದಿದೆ. ಅಡುಗೆಮನೆಯಲ್ಲಿ ಅವ್ವ ರೊಟ್ಟಿಗೆ ಎಸರಿಟ್ಟಿದ್ದಾಳೆ. ಬೇಸಿಗೆ ರಜೆಗೆ ಬಂದ ನನ್ನ ಮಗಳು ಒಲೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಪಾತ್ರೆಯನ್ನೇ ನೋಡುತ್ತಿದ್ದಾಳೆ.

ಮೊದಲು ಪಾತ್ರೆಯ ತಳದಲ್ಲಿ ಸಾಸಿವೆಯಂಥ ಗುಳ್ಳೆಗಳು. ಅವು ನೀರಲ್ಲಿ ಕರಗಿದ್ದ ಗಾಳಿ. ಆಮೇಲೆ ಸಣ್ಣಗೆ ಒಂದು ಗುಂಯ್ ಸದ್ದು, ಅದರ ಹಿಂದೆಯೇ ಕೊತಕೊತ ಕುದಿ. ಮುಚ್ಚಳದ ಸಂದಿಯಿಂದ ಬೆಳ್ಳಗೆ ಹಬೆ ಎದ್ದಿತು. ಸಂದಿಗೆ ಕಣ್ಣಿಟ್ಟು ನೋಡಿದರೆ, ಹಬೆ ಶುರುವಾಗುವ ಮುನ್ನ ಬೆರಳಗಲದಷ್ಟು ಜಾಗ ಖಾಲಿ ಇರುತ್ತದೆ. ಅಲ್ಲಿ ಏನೂ ಇಲ್ಲವೆಂದು ಕಾಣುತ್ತದೆ, ಆದರೆ ನಿಜವಾದ ಆವಿ ಇರುವುದು ಅಲ್ಲೇ. ಆವಿಗೆ ಬಣ್ಣವಿಲ್ಲ, ಅದು ಕಣ್ಣಿಗೆ ಬೀಳುವುದಿಲ್ಲ. ಹೊರಗಿನ ಗಾಳಿ ತಾಕಿ, ತಣಿದು, ಮತ್ತೆ ನೀರಿನ ಸಣ್ಣ ಸಣ್ಣ ಹನಿಗಳಾದಾಗಲೇ ನಮಗೆ ಕಾಣುವುದು. ನಾವು ಹಬೆ ಎನ್ನುವುದು ಹೀಗೆ ಆಗಲೇ ಮರಳಿ ಹೊರಟ ನೀರನ್ನು.

"ಸರಿ, ಸರಿ, ಅತ್ತ ಸರಿ. ಕುದಿಯೋ ನೀರಿಗಿಂತ ಹಬಿ ಕೆಟ್ಟ" ಎಂದು ಅವ್ವ ಮೊಮ್ಮಗಳನ್ನು ತಳ್ಳಿದಳು.

ಅವ್ವ ಹೇಳಿದ್ದು ಅಳತೆಗೆ ಸಿಗುವ ಸತ್ಯ. ಕುದಿ ಬಂದ ಮೇಲೆ ಒಲೆಗೆ ಎಷ್ಟು ಕಟ್ಟಿಗೆ ತುರುಕಿದರೂ ನೀರು 100 ಡಿಗ್ರಿಯ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಹಾಗಾದರೆ ಆ ಉರಿಯೆಲ್ಲ ಎಲ್ಲಿಗೆ ಹೋಗುತ್ತದೆ? 1760ರ ದಶಕದಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಜೋಸೆಫ್ ಬ್ಲ್ಯಾಕ್ ಇದೇ ಪ್ರಶ್ನೆ ಹಿಡಿದು ಕೂತಿದ್ದ. ಉರಿ ಕಳೆದುಹೋಗುವುದಿಲ್ಲ, ಆವಿ ಅದನ್ನು ಮಡಿಲಲ್ಲಿ ಕಟ್ಟಿಕೊಂಡು ಏಳುತ್ತದೆ ಎಂದು ಅವನು ಕಂಡುಕೊಂಡ. ನಮ್ಮ ಶಾಲೆಯ ಪುಸ್ತಕಗಳು ಅದನ್ನು ಗುಪ್ತೋಷ್ಣ ಎಂದವು. ಒಂದು ಗ್ರಾಂ ನೀರನ್ನು ಹೆಪ್ಪುಗಟ್ಟುವ ಹಂತದಿಂದ ಕುದಿಯುವ ಹಂತಕ್ಕೆ ತರಲು 100 ಕ್ಯಾಲರಿ ಸಾಕು. ಕುದಿವ ಅದೇ ಒಂದು ಗ್ರಾಂ ಆವಿಯಾಗಲು ಸುಮಾರು 540 ಕ್ಯಾಲರಿ ಬೇಕು. ಆವಿ ಕೈಗೆ ತಾಕಿ ನೀರಾದ ಗಳಿಗೆಯಲ್ಲಿ ಅಷ್ಟನ್ನೂ ಚರ್ಮದ ಮೇಲೆ ಸುರಿಯುತ್ತದೆ. ಅದಕ್ಕೇ ಹಬೆ ಬಡಿದ ಗಾಯ ಅಷ್ಟು ಆಳಕ್ಕಿಳಿಯುವುದು.

ಅವ್ವ ಎಸರನ್ನು ಹಿಟ್ಟಿಗೆ ಸುರಿದು ನಾದಿದಳು. ಜೋಳಕ್ಕೆ ಗೋಧಿಯ ಅಂಟಿಲ್ಲ. ಬಿಸಿನೀರು ಬಿದ್ದರೆ ಮಾತ್ರ ಹಿಟ್ಟು ಹದಕ್ಕೆ ಬಂದು ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ತಪತಪ ಬಡಿದ ರೊಟ್ಟಿ ಹಂಚಿಗೆ ಬಿತ್ತು. ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿದಳು, ಚುಂಯ್ ಎಂದಿತು. ತಿರುವಿ ಹಾಕಿ ಕೆಂಡಕ್ಕೆ ಒಡ್ಡಿದಾಗ ರೊಟ್ಟಿ ಒಂದು ಕಡೆಯಿಂದ ಉಸಿರೆಳೆದಂತೆ ಎದ್ದು, ಪೂರ್ತಿ ಉಬ್ಬಿ ನಿಂತಿತು. ಒಳಗಿನ ತೇವ ಆವಿಯಾದಾಗ 1,600 ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ. ಎರಡು ಪದರಗಳ ನಡುವೆ ಆ ಜಾಗವನ್ನು ಅದೇ ಮಾಡಿಕೊಳ್ಳುತ್ತದೆ. ಅವ್ವ ಬೆರಳ ತುದಿಯಿಂದ ರೊಟ್ಟಿ ಎತ್ತಿ ಬುಟ್ಟಿಗೆ ಹಾಕಿದಳು. ನಲವತ್ತು ವರ್ಷ ಹಬೆ ತಿಂದ ಬೆರಳುಗಳು ಅವು, ತುದಿಗಳು ತೊಗಲಿನ ಚೀಲದಂತೆ ದಪ್ಪಗಿವೆ.

ನಡುಮಧ್ಯಾಹ್ನ. ಹೊರಗೆ 40 ಡಿಗ್ರಿ ದಾಟಿದ ಬಿಸಿಲು. ಓಣಿಯಲ್ಲಿ ನಾಯಿಯೂ ಇಲ್ಲ. ಅಂಗಳದ ಹಗ್ಗದ ಮೇಲೆ ಹಾಕಿದ ಸೀರೆ ಆಗಲೇ ಗರಿಗರಿ. ಪಡಸಾಲೆಯ ಮೂಲೆಯಲ್ಲಿ, ಉಸುಕು ಹರವಿದ ಕಟ್ಟೆಯ ಮೇಲೆ ನಮ್ಮನೆಯ ಮಣ್ಣಿನ ಗಡಿಗೆ ಕೂತಿದೆ. ಅದಕ್ಕೆ ಹಿತ್ತಾಳೆಯ ಮುಚ್ಚಳ, ಮೇಲೊಂದು ತಂಬಿಗೆ.

ಈ ಗಡಿಗೆಗೆ ಉರಿಯಿಲ್ಲ, ಕುದಿಯಿಲ್ಲ. ಆದರೂ ಇಡೀ ದಿನ ಇಲ್ಲಿ ನೀರು ಆವಿಯಾಗುತ್ತಲೇ ಇದೆ. ಸುಟ್ಟ ಮಣ್ಣಿನ ಸೂಕ್ಷ್ಮ ರಂಧ್ರಗಳಲ್ಲಿ ಒಳಗಿನ ನೀರು ಹೊರಮೈಗೆ ಜಿನುಗುತ್ತದೆ, ಒಣಗಾಳಿ ಅದನ್ನು ಹೀರಿಕೊಳ್ಳುತ್ತದೆ. ಒಲೆಯಿಲ್ಲದ ಕಡೆ ಆವಿಗೆ ಬಿಸಿ ಕೊಡುವವರು ಯಾರು? ಗಡಿಗೆಯ ನೀರೇ ಕೊಡಬೇಕು. ಹತ್ತು ಲೀಟರಿನ ಗಡಿಗೆಯಿಂದ ಬರೀ 100 ಮಿಲಿಲೀಟರ್ ನೀರು ಹೀಗೆ ಹಾರಿಹೋದರೆ, ಹೊರಗಿನ ಬಿಸಿ ಒಳಗೆ ನುಸುಳದಿದ್ದ ಪಕ್ಷದಲ್ಲಿ, ಉಳಿದ ನೀರು ಐದಾರು ಡಿಗ್ರಿ ತಣಿಯುತ್ತದೆ. ನೂರರಲ್ಲಿ ಒಂದು ಪಾಲು ಹೊರಟುಹೋಗಿ ಉಳಿದ ತೊಂಬತ್ತೊಂಬತ್ತನ್ನು ತಂಪಾಗಿಡುತ್ತದೆ. ಹೊಲದಿಂದ ಬಂದವನ ಬೆನ್ನ ಮೇಲಿನ ಬೆವರು ಮಾಡುವುದೂ ಇದೇ ಕೆಲಸ. ಸ್ಟೀಲಿನ ಕೊಡಕ್ಕೆ ರಂಧ್ರಗಳಿಲ್ಲ, ಅದರ ನೀರು ಮಧ್ಯಾಹ್ನಕ್ಕೆ ಬಿಸಿಯಾಗಿರುತ್ತದೆ.

ಮಂಗಳೂರಿನಲ್ಲಿದ್ದಾಗ ನಾನು ಇಂಥದೇ ಗಡಿಗೆ ತಂದಿಟ್ಟಿದ್ದೆ. ನೀರು ಊರಿನಷ್ಟು ತಣ್ಣಗಾಗಲೇ ಇಲ್ಲ. ಗಡಿಗೆಯದು ತಪ್ಪಲ್ಲ. ಕಡಲ ಕಡೆಯ ಗಾಳಿ ಮೊದಲೇ ತೇವದಿಂದ ತುಂಬಿರುತ್ತದೆ, ಇನ್ನಷ್ಟು ಆವಿಗೆ ಅಲ್ಲಿ ಜಾಗ ಕಮ್ಮಿ. ಅಲ್ಲಿ ಫ್ರಿಜ್ಜಿನಿಂದ ತೆಗೆದ ಮಜ್ಜಿಗೆಯ ಲೋಟ ಮೇಜಿಗೆ ಬರುವಷ್ಟರಲ್ಲಿ ಹೊರಗೆಲ್ಲ ಹನಿಗಟ್ಟುತ್ತಿತ್ತು. ಲೋಟ ಸೋರಿದ್ದಲ್ಲ, ಗಾಳಿಯ ಆವಿ ತಣ್ಣನೆಯ ಲೋಹ ತಾಕಿ ನೀರಾದದ್ದು. ನಮ್ಮೂರಿನ ಒಣಗಾಳಿಯಲ್ಲಿ ಅದೇ ಲೋಟ ಬೇಸಿಗೆಯ ಮಧ್ಯಾಹ್ನ ಅಷ್ಟು ಹನಿ ಕಟ್ಟುವುದಿಲ್ಲ.

ಮೂರು ಗಂಟೆಯ ಹೊತ್ತಿಗೆ ಅವ್ವ ನೀರು ಕುಡಿಯಲು ಎದ್ದವಳು ಗಡಿಗೆಯ ಹೊಟ್ಟೆ ಸವರಿ ನಿಂತಳು.

"ಇವತ್ತು ಮಳಿ ಬರ್ತದ."

"ಹೆಂಗ ಗೊತ್ತಜ್ಜಿ?"

"ಗಡಿಗಿ ಮೈಯೆಲ್ಲಾ ಹಸಿ ಅದ, ನೀರು ಮಾತ್ರ ತಣ್ಣಗಿಲ್ಲ."

ನಾನೂ ಮುಟ್ಟಿ ನೋಡಿದೆ. ಜಿನುಗಿದ ನೀರು ಆರದೆ ಹಾಗೇ ನಿಂತು, ಕೆಳಗಿನ ಉಸುಕಿಗೆ ಹನಿಯುತ್ತಿತ್ತು. ಎಲ್ಲೋ ದೂರದ ಸಮುದ್ರದ ತೇವ ಗಾಳಿಯ ಬೆನ್ನೇರಿ ಊರಿಗೆ ಬಂದಿತ್ತು, ನಮಗಿಂತ ಮೊದಲು ಅದು ಗಡಿಗೆಗೆ ಗೊತ್ತಾಗಿತ್ತು.

ನಾಲ್ಕೂವರೆಗೆ ನೈರುತ್ಯದಲ್ಲಿ ಮೋಡ ಎದ್ದಿತು. ಹತ್ತಿಯ ರಾಶಿಯ ಮೇಲೆ ರಾಶಿ ಒಟ್ಟಿದಂತೆ ಅದು ಕಣ್ಣೆದುರೇ ಏರುತ್ತಿತ್ತು. ಮೋಡವನ್ನು ಹಾಗೆ ಎತ್ತುವುದೂ ಆವಿ ಹೊತ್ತು ತಂದ ಬಿಸಿಯೇ. ಮೇಲಿನ ತಂಪಿಗೆ ಆವಿ ಹನಿಯಾಗುವಾಗ, ಹೊರಡುವಾಗ ಹೊತ್ತಿದ್ದನ್ನೆಲ್ಲ ಅಲ್ಲಿ ಇಳಿಸುತ್ತದೆ. ಒಂದು ಗ್ರಾಂ ಆವಿ ನೀರಾದರೆ ಒಂದು ಕಿಲೋ ಗಾಳಿಯ ಬಿಸಿ ಎರಡು ಡಿಗ್ರಿಗೂ ಹೆಚ್ಚು ಏರುತ್ತದೆ. ಬಿಸಿಯಾದ ಗಾಳಿ ಮತ್ತೂ ಮೇಲೇರುತ್ತದೆ, ಅಲ್ಲಿ ಇನ್ನಷ್ಟು ಆವಿ ಹನಿಯಾಗುತ್ತದೆ. ಬೆಳಿಗ್ಗೆ ಅವ್ವನ ರೊಟ್ಟಿ ಉಬ್ಬಿಸಿದ ನೀರು, ಸಂಜೆಗೆ ಆಕಾಶದಲ್ಲಿ ಮೈಲುಗಟ್ಟಲೆ ಎತ್ತರದ ಬೆಟ್ಟ ಕಟ್ಟುತ್ತಿತ್ತು.

ಮೊದಲು ಧೂಳಿನ ಗಾಳಿ, ಆಮೇಲೆ ನಾಲ್ಕು ದಪ್ಪ ಹನಿ, ಮಣ್ಣಿನ ವಾಸನೆ. ಅದರ ಹಿಂದೆ ಮಾಳಿಗೆಯ ಮೇಲೆ ಕಲ್ಲು ಸುರಿದ ಸದ್ದು.

"ಆಲಿಕಲ್ಲು! ಆಲಿಕಲ್ಲು!" ಓಣಿಯ ಹುಡುಗರೆಲ್ಲ ಬೋಗುಣಿ ಹಿಡಿದು ಹೊರಬಿದ್ದರು. ಮಗಳೂ ಓಡಿದಳು. ಮೋಡದ ಎತ್ತರದಲ್ಲಿ ಶೂನ್ಯಕ್ಕಿಂತ ಕೆಳಗಿಳಿದರೂ ನೀರಾಗಿಯೇ ಉಳಿದ ಹನಿಗಳಿರುತ್ತವೆ. ಮಂಜಿನ ಕಣವೊಂದು ಸಿಕ್ಕರೆ ಅದಕ್ಕಂಟಿ ಹೆಪ್ಪುಗಟ್ಟುತ್ತವೆ. ಮೇಲ್ಗಾಳಿ ಆ ಕಣವನ್ನು ಬೀಳಗೊಡದೆ ಎತ್ತಿ ಹಿಡಿದಷ್ಟೂ ಅದು ಪದರ ಪದರವಾಗಿ ಬೆಳೆಯುತ್ತದೆ. ಗಾಳಿಗೆ ಭಾರವಾದ ಗಳಿಗೆ ಕೆಳಗೆ ಬೀಳುತ್ತದೆ. ಮಗಳು ತಂದ ಒಂದು ಆಲಿಕಲ್ಲನ್ನು ಒಡೆದಾಗ ಒಳಗೆ ಉಳ್ಳಾಗಡ್ಡಿಯಂತೆ ಬಿಳಿ ಪದರ, ತಿಳಿ ಪದರ ಕಂಡವು.

ಹದಿನೈದು ನಿಮಿಷ, ಅಷ್ಟೇ. ಮಳೆ ನಿಂತಾಗ ಮೊದಲು ಹೊರಬಿದ್ದವರು ಗದ್ದೆಯವರು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಲ್ಲಿ ಬೆಳೆದ ಬೇಸಿಗೆ ಭತ್ತ ಕೊಯ್ಲಿಗೆ ನಿಂತಿತ್ತು. ಹುಡುಗರು ಆಲಿಕಲ್ಲು ಆರಿಸುತ್ತಿದ್ದ ಅದೇ ಓಣಿಯಲ್ಲಿ ಆ ಗಂಡಸರು ಮಾತಿಲ್ಲದೆ ಗದ್ದೆಯ ಕಡೆ ನಡೆದುಹೋದರು. ಉದುರಿದ ಕಾಳನ್ನು ತೆನೆಗೆ ಮರಳಿ ಕೂಡಿಸಲಾಗದು. ಅವ್ವ ಬಾಗಿಲಲ್ಲಿ ನಿಂತು ಅವರನ್ನೇ ನೋಡುತ್ತಿದ್ದಳು.

ಮಗಳು ಕೊನೆಯದೊಂದು ಆಲಿಕಲ್ಲನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಬಂದಳು. ಒಂದು ಗ್ರಾಂ ಮಂಜು ಕರಗಲು 80 ಕ್ಯಾಲರಿ ಬೇಕು, ಅದನ್ನು ಈಗ ಆ ಪುಟ್ಟ ಅಂಗೈ ಕೊಡುತ್ತಿತ್ತು. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿತು. ಮುಷ್ಟಿ ಬಿಚ್ಚಿದಾಗ ಒಳಗೆ ಏನೂ ಉಳಿದಿರಲಿಲ್ಲ. ಅಂಗೈ ಕೆಂಪಾಗಿ ಜೋಮು ಹಿಡಿದಿತ್ತು.

"ಅಜ್ಜಿ, ಕೈ ಸುಡ್ತದ."

"ಇಲ್ಲಿ ತಾ" ಎಂದು ಅವ್ವ ಆ ಕೈಯನ್ನು ತನ್ನೆರಡು ಅಂಗೈಗಳ ನಡುವೆ ಇಟ್ಟುಕೊಂಡಳು. ಬೆಳಿಗ್ಗೆ ಹಬೆಯೊಳಗಿಂದ ರೊಟ್ಟಿ ಎತ್ತಿದ ಕೈಗಳು. ಹುಡುಗಿಯ ಬೆರಳುಗಳಿಗೆ ಬಿಸಿ ಮರಳುವವರೆಗೆ ಅವ್ವ ಬಿಡಲಿಲ್ಲ.