ಮೊಳಕೆಯ ಬೆಲೆ

ಧಾನ್ಯಕ್ಕೆ ಒಂದು ಬೆಲೆಯಾದರೆ, ಅದೇ ಧಾನ್ಯವು ನೀರು ಕುಡಿದು, ಮೊಳೆತು, ಒಣಗಿ, ಹಿಟ್ಟಾಗಿ ಪೊಟ್ಟಣದೊಳಗೆ ಕುಳಿತಾಗ ಅದಕ್ಕೆ ಬೇರೊಂದು ಬೆಲೆ. ಮಂಗಳೂರಿನ ಮಣ್ಣಗುಡ್ಡದಲ್ಲಿ ತಿಂಗಳ ಸಾಮಾನಿನ ಪಟ್ಟಿ ಬರೆಯುವ ಯಾವ ಗೃಹಿಣಿಗೂ ಈ ಅಂತರ ತಿಳಿಯದ ಸಂಗತಿಯಲ್ಲ. ಅಂಗಡಿಯ ಒಂದು ಮೂಲೆಯ ಚೀಲದಲ್ಲಿ ರಾಗಿ ಇದೆ. ಎದುರಿನ ಕಪಾಟಿನಲ್ಲಿ ರಾಗಿ ಮಾಲ್ಟ್ ಇದೆ. ಎರಡೂ ಒಂದೇ ಹೊಲದಲ್ಲಿ ಹುಟ್ಟಿದವು. ಆದರೆ ಚೀಲದಿಂದ ಕಪಾಟಿಗೆ ಏರುವಷ್ಟರಲ್ಲಿ ಬೆಲೆಯೂ ಹಲವು ಪಟ್ಟು ಏರಿರುತ್ತದೆ. ಮನೆಯಲ್ಲಿ ಆರು ತಿಂಗಳು ತುಂಬಿದ ಕೂಸೊಂದಿದ್ದರೆ ಮರುಮಾತಿಲ್ಲದೆ ಆ ಹಣವನ್ನು ಕೊಡುವವರೇ ಹೆಚ್ಚು. ಮಗುವಿನ ಅನ್ನದಲ್ಲಿ ಚೌಕಾಸಿ ಮಾಡುವವರು ಯಾರು?

ಆದರೆ ಕೊಡುವ ಹಣ ಯಾವುದಕ್ಕೆಂದು ತಿಳಿದು ಕೊಡುವುದು ಚೌಕಾಸಿಯಲ್ಲ, ಸಂಸಾರದ ವಿವೇಕ. ಮಾಲ್ಟಿನ ಬೆಲೆಯೊಳಗೆ ಧಾನ್ಯದ ಪಾಲೆಷ್ಟು, ಬಿಸಿಲಿನ ಪಾಲೆಷ್ಟು, ಕಾವಲಿನ ಪಾಲೆಷ್ಟು ಎಂಬುದನ್ನು ಬಿಡಿಸಿ ನೋಡಿದರೆ, ಯಾವುದನ್ನು ಕೊಳ್ಳಬೇಕು, ಯಾವುದನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು ಎಂಬುದು ತಾನಾಗಿ ತಿಳಿಯುತ್ತದೆ.

ಕಾಳಿನೊಳಗಿನ ಕೆಲಸಗಾರ

ಮಾಲ್ಟ್ ಎಂಬುದು ಯಾವುದೋ ಒಂದು ಧಾನ್ಯದ ಹೆಸರಲ್ಲ. ಒಂದು ಸಂಸ್ಕಾರದ ಹೆಸರು. ಕಾಳು ನೆನೆದಾಗ ಅದರೊಳಗಿನ ಅಂಕುರ ಎಚ್ಚರಗೊಳ್ಳುತ್ತದೆ. ಎಚ್ಚರಗೊಂಡ ಅಂಕುರಕ್ಕೆ ಊಟ ಬೇಕು. ಕಾಳಿನಲ್ಲಿ ಕೂಡಿಟ್ಟ ಪಿಷ್ಟವನ್ನು ಹಾಗೆಯೇ ಉಣ್ಣಲು ಅದಕ್ಕೆ ಬಾರದಾದುದರಿಂದ, ಪಿಷ್ಟವನ್ನು ಕಡಿದು ಸಕ್ಕರೆಯಾಗಿಸುವ ಕಿಣ್ವಗಳು ಹುಟ್ಟಿಕೊಳ್ಳುತ್ತವೆ. ಈ ಗಳಿಗೆಯಲ್ಲಿ ಕಾಳನ್ನು ಒಣಗಿಸಿ ಮೊಳಕೆಯ ಬೆಳವಣಿಗೆಯನ್ನು ನಿಲ್ಲಿಸಿದರೆ, ಗಿಡವಾಗುವ ಆಸೆ ಕಾಳಿಗೆ ತಪ್ಪುತ್ತದೆ. ಕಿಣ್ವ ಮಾತ್ರ ಒಳಗೇ ಉಳಿಯುತ್ತದೆ. ಅದೇ ಮಾಲ್ಟು. 1833ರಲ್ಲಿ ಪಾಯೆನ್ ಮತ್ತು ಪೆರ್ಸೋ ಎಂಬ ಇಬ್ಬರು ಫ್ರೆಂಚ್ ರಸಾಯನ ವಿಜ್ಞಾನಿಗಳು ಮಾಲ್ಟಿನಿಂದ ಈ ಶಕ್ತಿಯನ್ನು ಬೇರ್ಪಡಿಸಿ ಅದಕ್ಕೆ ಡಯಾಸ್ಟೇಸ್ ಎಂದು ಹೆಸರಿಟ್ಟರು. ಮನುಷ್ಯನು ಬೇರ್ಪಡಿಸಿ ಗುರುತಿಸಿದ ಮೊದಲ ಕಿಣ್ವವೆಂಬ ಗೌರವ ಅದಕ್ಕೆ ಸಲ್ಲುತ್ತದೆ.

ಬಿಯರು ತಯಾರಿಸುವವನಿಗೂ ಮಗುವಿಗೆ ಅಂಬಲಿ ಕಾಯಿಸುವ ತಾಯಿಗೂ ಬೇಕಾದ ವಸ್ತು ಇದೊಂದೇ ಎಂದರೆ ಕೆಲವರಿಗೆ ಅಚ್ಚರಿಯಾದೀತು. ಒಬ್ಬನಿಗೆ ಪಿಷ್ಟವು ಸಕ್ಕರೆಯಾಗಬೇಕು, ಆ ಸಕ್ಕರೆ ಹುಳಿಯಬೇಕು. ಇನ್ನೊಬ್ಬಳಿಗೆ ಗಂಜಿಯ ಬಿಗಿ ಸಡಿಲಾಗಬೇಕು, ಅದು ಹಸುಳೆಯ ಹೊಟ್ಟೆಗೆ ಹಗುರಾಗಬೇಕು. ಕೆಲಸಗಾರ ಮಾತ್ರ ಅವನೇ. 1865ರಲ್ಲಿ ಜರ್ಮನಿಯ ಲೀಬಿಗ್ ಎಂಬ ವಿಖ್ಯಾತ ವಿಜ್ಞಾನಿಯು ಹಸುವಿನ ಹಾಲು, ಗೋಧಿಹಿಟ್ಟು ಮತ್ತು ಮಾಲ್ಟುಹಿಟ್ಟು ಸೇರಿಸಿ ಶಿಶುಗಳಿಗೊಂದು ಆಹಾರವನ್ನು ರೂಪಿಸಿದನು. 1873ರಲ್ಲಿ ಅಮೆರಿಕದಲ್ಲಿ ಉದ್ಯಮ ಆರಂಭಿಸಿದ ಹಾರ್ಲಿಕ್ ಸಹೋದರರು ಅದೇ ಹಾದಿಯಲ್ಲಿ ನಡೆದು ಮಾಲ್ಟುಹಾಲನ್ನು ಮನೆಮಾತಾಗಿಸಿದರು.

ಜವೆಗೋಧಿಯ ಲೆಕ್ಕ

ಮೊದಲು ಬಿಯರಿನ ಧಾನ್ಯವನ್ನೇ ತೆಗೆದುಕೊಳ್ಳೋಣ. ಜವೆಗೋಧಿ, ಅಂದರೆ ಬಾರ್ಲಿ, ಕರಾವಳಿಯ ಬೆಳೆಯಲ್ಲ. ಭಾರತದಲ್ಲಿ ಅದರ ನೆಲೆ ರಾಜಸ್ಥಾನ, ಉತ್ತರ ಪ್ರದೇಶ, ಹರಿಯಾಣಗಳ ಕಡೆ. 2025–26ರ ಮಾರಾಟದ ಹಂಗಾಮಿಗೆ ಕೇಂದ್ರ ಸರಕಾರ ಅದಕ್ಕೆ ನಿಗದಿಪಡಿಸಿದ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲಿಗೆ 1,980 ರೂಪಾಯಿ. ಅಂದರೆ ಕಿಲೋ ಒಂದಕ್ಕೆ ಇಪ್ಪತ್ತು ರೂಪಾಯಿಗೂ ಒಳಗೆ. ನೂರು ಕಿಲೋ ಬಾರ್ಲಿಯನ್ನು ಮಾಲ್ಟು ಮಾಡಿದರೆ ಸುಮಾರು ಎಂಬತ್ತು ಕಿಲೋ ಕೈಗೆ ಬರುತ್ತದೆ. ತೇವವೊಂದಿಷ್ಟು ಹಾರಿಹೋಗುತ್ತದೆ, ಒಂದಿಷ್ಟನ್ನು ಮೊಳಕೆಯೇ ಉಸಿರಾಡಿ ಮುಗಿಸುತ್ತದೆ, ಉಜ್ಜಿ ತೆಗೆದ ಬೇರಿನೊಂದಿಗೆ ಇನ್ನೊಂದಿಷ್ಟು ಹೋಗುತ್ತದೆ. ಈ ನಷ್ಟವನ್ನೆಲ್ಲ ಸೇರಿಸಿದರೂ ಒಂದು ಕಿಲೋ ಮಾಲ್ಟಿನೊಳಗಿನ ಧಾನ್ಯದ ಬೆಲೆ ಇಪ್ಪತ್ತೈದು ರೂಪಾಯಿಯನ್ನು ದಾಟುವುದಿಲ್ಲ. ಇಪ್ಪತ್ತು ಲೀಟರು ಬಿಯರಿಗೆ ಬೇಕಾಗುವುದು ನಾಲ್ಕೈದು ಕಿಲೋ ಮಾಲ್ಟು. ಅಂದಮೇಲೆ ಧಾನ್ಯದ ಖರ್ಚು ಸುಮಾರು ನೂರಿಪ್ಪತ್ತೈದು ರೂಪಾಯಿ!

ಹಾಗಿದ್ದೂ ಸಣ್ಣ ಚೀಲಗಳಲ್ಲಿ ಕೊಳ್ಳುವವನು ಇದರ ಹಲವು ಪಟ್ಟು ತೆರುತ್ತಾನೆ. ಬಾರ್ಲಿಯು ತಂಪಿನಲ್ಲಿ ಮೊಳೆಯಬೇಕಾದ ಧಾನ್ಯ. ಹದಿನೈದರಿಂದ ಇಪ್ಪತ್ತು ಡಿಗ್ರಿಯಷ್ಟು ತಂಪಿನಲ್ಲಿ ನಾಲ್ಕಾರು ದಿನ ಅದನ್ನು ಮಗುಚುತ್ತ ಕಾಯಬೇಕು. ಬಳಿಕ ಬಿಸಿಗಾಳಿಯಲ್ಲಿ ತೇವವು ನೂರಕ್ಕೆ ನಾಲ್ಕೈದು ಪಾಲಿಗೆ ಇಳಿಯುವವರೆಗೆ ಒಣಗಿಸಬೇಕು. ಯಂತ್ರ, ವಿದ್ಯುತ್ತು, ಉತ್ತರದಿಂದ ದಕ್ಷಿಣಕ್ಕೆ ಲಾರಿಯ ಬಾಡಿಗೆ, ಪೊಟ್ಟಣ, ವರ್ತಕರ ಲಾಭ ಇವೆಲ್ಲ ಒಂದರ ಮೇಲೊಂದು ಕೂಡುತ್ತವೆ. ವಿಶೇಷ ಬಗೆಯ ಮಾಲ್ಟಾದರೆ ಜರ್ಮನಿ, ಬೆಲ್ಜಿಯಂಗಳಿಂದ ಹಡಗೇರಿ ಬರುವುದೂ ಉಂಟು. ಇದು ದೊಡ್ಡ ದೇಶಗಳನ್ನೂ ಕಾಡಿದ ಖರ್ಚು. ನೈಜೀರಿಯಾ 1988ರಲ್ಲಿ ಬಾರ್ಲಿ ಮಾಲ್ಟಿನ ಆಮದನ್ನೇ ನಿಷೇಧಿಸಿದಾಗ, ಅಲ್ಲಿಯ ಬಿಯರು ಕಾರ್ಖಾನೆಗಳು ತಮ್ಮ ನೆಲದ ಜೋಳದತ್ತ ತಿರುಗಬೇಕಾಯಿತು.

ಕರ್ನಾಟಕದ ಗೃಹಸ್ಥನಿಗಾದರೋ ಈ ಲೆಕ್ಕ ಕಾಗದದ ಮೇಲೆಯೇ ನಿಲ್ಲತಕ್ಕದ್ದು. 1965ರ ಕರ್ನಾಟಕ ಅಬಕಾರಿ ಕಾಯಿದೆಯ ಪ್ರಕಾರ ಪರವಾನಿಗೆಯಿಲ್ಲದೆ ಮದ್ಯ ತಯಾರಿಸುವಂತಿಲ್ಲ. ಬಿಯರೂ ಅದರೊಳಗೇ ಬಂತು. ಆದರೆ ಬಾರ್ಲಿಯ ಲೆಕ್ಕ ಕಲಿಸುವ ಪಾಠವನ್ನು ರಾಗಿಗೆ ಅನ್ವಯಿಸಲು ಯಾವ ಕಾಯಿದೆಯೂ ಅಡ್ಡಬರುವುದಿಲ್ಲ.

ಘಟ್ಟದ ಮೇಲಿನ ಧಾನ್ಯ, ಕರಾವಳಿಯ ಹವೆ

ರಾಗಿಯೂ ಮಂಗಳೂರಿಗೆ ಅತಿಥಿಯೇ. ಕುಚ್ಚಲಕ್ಕಿಯ ನಾಡಿಗೆ ಅದು ಘಟ್ಟವಿಳಿದು ಬರುತ್ತದೆ. ಆದರೂ ಇಲ್ಲಿನ ಅಡಿಗೆಮನೆಗೆ ಅದು ಅಪರಿಚಿತವಲ್ಲ. ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಸೋಸಿ ತೆಗೆದ ರಾಗಿಹಾಲಿಗೆ ಬೆಲ್ಲವೂ ತೆಂಗಿನ ಹಾಲೂ ಕೂಡಿದ ಮಣ್ಣಿಯನ್ನು ಸವಿಯದ ಕರಾವಳಿಯ ಮನೆ ವಿರಳ. ಮಣ್ಣಿ ತಟ್ಟೆಯಲ್ಲಿ ಗಟ್ಟಿಯಾಗಿ ನಿಲ್ಲಬೇಕು. ಆದುದರಿಂದ ಅದಕ್ಕೆ ಮೊಳೆಯದ ರಾಗಿಯೇ ಬೇಕು. ಕೂಸಿನ ಅಂಬಲಿ ತೆಳ್ಳಗೆ ಹರಿಯಬೇಕು. ಅದಕ್ಕೆ ಮೊಳೆತ ರಾಗಿ. ಘಟ್ಟದ ಮೇಲೆ ಮಕ್ಕಳಿಗೆ ರಾಗಿಸರಿ ತಿನ್ನಿಸುವ ತಾಯಂದಿರು ಪಿಷ್ಟ, ಕಿಣ್ವ ಎಂಬ ಮಾತುಗಳನ್ನು ಕೇಳದೆಯೇ ಈ ಭೇದವನ್ನು ಅರಿತಿದ್ದರು.

ಅವರು ಅರಿತುದನ್ನು ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಅಳೆದು ನೋಡಿತು. ಅಲ್ಲಿನ ವಿಜ್ಞಾನಿಗಳಾದ ದೇಶಿಕಾಚಾರ್ ಮತ್ತು ಮಲ್ಲೇಶಿಯವರು 1982ರಲ್ಲಿ, ಮೊಳೆಯಿಸಿದ ರಾಗಿ ಹಾಗೂ ಹೆಸರುಕಾಳಿನಿಂದ ಕೂಸುಗಳಿಗೆ ತಕ್ಕ ತೆಳುವಾದ ಆಹಾರವನ್ನು ರೂಪಿಸಿದ ವಿಧಾನವನ್ನು ಪ್ರಕಟಿಸಿದರು. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಮೀರಿದ ಸುಣ್ಣದ ಅಂಶವಿದೆ. ಅಕ್ಕಿಯಲ್ಲಾಗಲಿ ಗೋಧಿಯಲ್ಲಾಗಲಿ ಇಷ್ಟಿಲ್ಲ. ಕರ್ನಾಟಕ ಸರಕಾರವು 2024ರ ಫೆಬ್ರವರಿಯಲ್ಲಿ ಶಾಲೆಯ ಮಕ್ಕಳಿಗೆ ಹಾಲಿನೊಡನೆ ವಾರಕ್ಕೆ ಮೂರು ದಿನ ರಾಗಿ ಮಾಲ್ಟ್ ಕೊಡಲು ಆರಂಭಿಸಿದುದರ ಹಿಂದೆ ಇರುವುದೂ ಈ ಗುಣವೇ.

ಇನ್ನೊಂದು ಅನುಕೂಲವನ್ನು ನಿಸರ್ಗವೇ ಒದಗಿಸಿದೆ. ಬಾರ್ಲಿಗೆ ತಂಪು ಬೇಕಾದರೆ ರಾಗಿಗೆ ಬೇಕಾದುದು ಇಪ್ಪತ್ತೈದರಿಂದ ಮೂವತ್ತು ಡಿಗ್ರಿಯ ಬೆಚ್ಚನೆ. ಅದು ಮಂಗಳೂರಿನಲ್ಲಿ ಪುಕ್ಕಟೆಯಾಗಿ ಸಿಗುವ ವಸ್ತು. ಆದರೆ ಮೊಳೆಯಿಸಲು ನೆರವಾಗುವ ಹವೆಯೇ ಒಣಗಿಸಲು ಶತ್ರುವಾಗಿ ನಿಲ್ಲುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರಿದು. ಆಷಾಢ ಶ್ರಾವಣಗಳಲ್ಲಿ ಬಟ್ಟೆಯೇ ಒಣಗದ ಮೇಲೆ ಮೊಳೆತ ಕಾಳು ಒಣಗುವುದೆಂತು? ಅರ್ಧ ಒಣಗಿದ ಕಾಳಿಗೆ ಬೂಷ್ಟು ಹಿಡಿಯುತ್ತದೆ. ಕೆಲವು ಬಗೆಯ ಬೂಷ್ಟು ಉಂಟುಮಾಡುವ ವಿಷವು ಬೇಯಿಸಿದರೂ ಪೂರ್ಣವಾಗಿ ನಾಶವಾಗದು. ಕೂಸಿನ ಬಟ್ಟಲಿನ ಮಟ್ಟಿಗೆ ಇದು ಅಲಕ್ಷ್ಯ ಮಾಡತಕ್ಕ ಮಾತಲ್ಲ.

ಹಿಂದೆ ಇದಕ್ಕೆ ಉಪಾಯವಿತ್ತು. ಪತ್ತನಾಜೆ ಕಳೆದು ಮಳೆ ಹಿಡಿಯುವ ಮುನ್ನ ಹಪ್ಪಳ, ಸಂಡಿಗೆ, ಹುಣಸೆಗಳೊಡನೆ ಇದೂ ಅಂಗಳದಲ್ಲಿ ಒಣಗಿ ಡಬ್ಬಿ ಸೇರುತ್ತಿತ್ತು. ಇಂದು ಮಣ್ಣಗುಡ್ಡ, ಉರ್ವ, ಲೇಡಿಹಿಲ್ ಸುತ್ತಮುತ್ತ ಹಂಚಿನ ಮನೆಗಳ ಜಾಗದಲ್ಲಿ ಬಹುಮಹಡಿಯ ಕಟ್ಟಡಗಳೆದ್ದಿವೆ. ಮನೆಗಳಿಗೆ ಲಿಫ್ಟು ಬಂದಿದೆ, ಅಂಗಳ ಹೋಗಿದೆ. ಐದನೆಯ ಮಹಡಿಯ ದಂಪತಿಗಳು ಮಾಲ್ಟಿನ ಪೊಟ್ಟಣಕ್ಕೆ ತೆರುವ ಬೆಲೆಯಲ್ಲಿ ಒಂದು ಪಾಲು ಈ ಕಳೆದುಹೋದ ಅಂಗಳದ ಬಿಸಿಲಿಗೆ ಸಲ್ಲುತ್ತದೆ.

ಮನೆಯ ಲೆಕ್ಕ

2025–26ಕ್ಕೆ ರಾಗಿಯ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಕಿಲೋಗೆ ಐವತ್ತಕ್ಕೆ ಸ್ವಲ್ಪ ಕಡಿಮೆ. ಅಂಗಡಿಗೆ ಬರುವಷ್ಟರಲ್ಲಿ ಅದು ಅರುವತ್ತಾಯಿತೆಂದೂ, ಗಿರಣಿಯ ಕೂಲಿ ಹತ್ತು ರೂಪಾಯಿಯೆಂದೂ ಇಟ್ಟುಕೊಳ್ಳೋಣ. ಮೊಳೆಯಿಸಿ ಒಣಗಿಸುವಾಗ ಕಿಲೋಗೆ ನೂರೈವತ್ತು ಗ್ರಾಂ ಹೋಗಿ, ಹೊಟ್ಟನ್ನು ಜರಡಿ ಹಿಡಿಯುವಾಗ ಇನ್ನೊಂದು ನೂರೈವತ್ತು ಗ್ರಾಂ ಹೋದರೆ, ಉಳಿಯುವುದು ಏಳುನೂರು ಗ್ರಾಂ. ಎಪ್ಪತ್ತು ರೂಪಾಯಿಗೆ ಏಳುನೂರು ಗ್ರಾಂ. ಅಂದರೆ ಕಿಲೋಗೆ ನೂರು ರೂಪಾಯಿ. ಕಪಾಟಿನ ಪೊಟ್ಟಣದ ಮೇಲೆ ಅಚ್ಚಾದ ಬೆಲೆಯನ್ನು, ತೂಕವನ್ನೂ ಗಮನಿಸಿ, ಈ ನೂರರೊಡನೆ ಹೋಲಿಸಿ ನೋಡಬಹುದು. ಸಕ್ಕರೆ, ಹಾಲಿನ ಪುಡಿ ಬೆರೆತ ಪೊಟ್ಟಣವಾದರೆ ಅದರಲ್ಲಿ ರಾಗಿಯ ಪಾಲೆಷ್ಟು ಎಂಬುದನ್ನೂ ಓದಿಕೊಳ್ಳಬೇಕು.

ಮಾಡುವ ಕ್ರಮ ಕಠಿನವಲ್ಲ. ಕಲ್ಲು ಆರಿಸಿ ತೊಳೆದ ರಾಗಿಯನ್ನು ಒಂದು ಹಗಲು, ನಡುನಡುವೆ ನೀರು ಬದಲಾಯಿಸುತ್ತ, ನೆನೆಸಬೇಕು. ಶುಭ್ರವಾದ ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಂದೆರಡು ದಿನ ಮೊಳೆಯಲು ಬಿಡಬೇಕು. ಬಳಿಕ ತೆಳ್ಳಗೆ ಹರಡಿ, ಬಿಸಿಲಿನಲ್ಲಿ ಗರಿಗರಿಯಾಗುವವರೆಗೆ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಬೇರುಗಳನ್ನು ಕೇರಿ ತೆಗೆಯಬೇಕು. ಹಸನಾದ ಮೊಳಕೆಗೆ ಹಿತವಾದ ವಾಸನೆಯಿರುತ್ತದೆ. ಹುಳಿ ನಾತವೋ ಕಮಟೋ ಬಂದರೆ ಮರುಕವಿಲ್ಲದೆ ಹೊರಗೆ ಸುರಿಯತಕ್ಕದ್ದು. ರಾಗಿಯಂತೆಯೇ ಎಂದು ಜೋಳವನ್ನು ಮೊಳೆಯಿಸಿ ಕೂಸಿಗೆ ಕೊಡುವ ಸಾಹಸ ಬೇಡ. ಎಳೆಯ ಜೋಳದ ಮೊಳಕೆಯಲ್ಲಿ ಸಯನೈಡ್ ಉಂಟುಮಾಡುವ ಅಂಶವಿದೆ.

ಒಂದು ಚಮಚದ ಮಹಿಮೆ

ಕೊಳ್ಳುವವರು ತಿಳಿಯಬೇಕಾದ ಮುಖ್ಯ ಸಂಗತಿ ಇನ್ನೊಂದಿದೆ. ಕಿಣ್ವಕ್ಕೆ ಅತಿಯಾದ ಬೆಂಕಿ ಸಹಿಸದು. ಹುರಿದು ಕೆಂಪಾಗಿಸಿದ ಮಾಲ್ಟಿನಲ್ಲಿ ಬಣ್ಣವಿದೆ, ಘಮವಿದೆ. ಗಂಜಿಯನ್ನು ತೆಳುವಾಗಿಸುವ ಶಕ್ತಿ ಇಲ್ಲ. ಬಿಯರು ತಯಾರಕರು ಇದನ್ನು ಬಲ್ಲರು. ಆದುದರಿಂದಲೇ ಅವರು ಮೆಲ್ಲನೆ ಒಣಗಿಸಿದ ಬಿಳುಪು ಮಾಲ್ಟನ್ನು ಹೆಚ್ಚಾಗಿಯೂ, ಹುರಿದ ಮಾಲ್ಟನ್ನು ಬಣ್ಣ ರುಚಿಗಳಿಗೆಂದು ಕೊಂಚವಾಗಿಯೂ ಬಳಸುತ್ತಾರೆ. ಮಗುವಿನ ಪೊಟ್ಟಣವನ್ನು ಕೊಳ್ಳುವವರು ಮಾತ್ರ ಘಮವನ್ನೇ ಗುಣವೆಂದು ಭ್ರಮಿಸುವುದುಂಟು.

ಪರೀಕ್ಷೆ ಸುಲಭ. ಯಾವುದಾದರೂ ಹಿಟ್ಟಿನ ಗಟ್ಟಿ ಗಂಜಿಯನ್ನು ಕಾಯಿಸಿ ಒಲೆಯಿಂದ ಇಳಿಸಬೇಕು. ಕುದಿ ಪೂರ್ತಿಯಾಗಿ ಅಡಗಿ, ಬಿಸಿ ಇನ್ನೂ ಬೆರಳಿಗೆ ಸುಡುವಂತಿರುವಾಗ ಒಂದು ಚಮಚ ಮಾಲ್ಟನ್ನು ಕಲಸಿ ಹತ್ತು ನಿಮಿಷ ಬಿಡಬೇಕು. ಗಂಜಿ ನೀರಾಗಿ ಹರಿದರೆ ಮಾಲ್ಟು ಸಜೀವ. ಇದ್ದಂತೆಯೇ ಇದ್ದರೆ ಅದು ಬರಿಯ ಹುರಿದ ಹಿಟ್ಟು. ಕೂಸಿಗೆ ಕೊಡುವುದಾದರೆ ತೆಳುವಾದ ಗಂಜಿಯನ್ನು ಮತ್ತೊಮ್ಮೆ ಚೆನ್ನಾಗಿ ಕುದಿಸುವುದು ಕ್ಷೇಮ, ಏಕೆಂದರೆ ಮೊಳಕೆಯೊಡನೆ ರೋಗಾಣುಗಳೂ ಬೆಳೆದಿರಬಹುದು.

ಈ ಪರೀಕ್ಷೆಯೊಳಗೇ ಮಿತವ್ಯಯದ ಗುಟ್ಟೂ ಅಡಗಿದೆ. 1980ರ ದಶಕದಲ್ಲಿ ಬರೋಡದ ವಿಶ್ವವಿದ್ಯಾಲಯದಲ್ಲಿ ತಾರಾ ಗೋಪಾಲದಾಸ್ ಅವರು ಮೊಳಕೆಹಿಟ್ಟನ್ನು ಹೀಗೆ ಅಲ್ಪಪ್ರಮಾಣದಲ್ಲಿ ಬಳಸುವ ಕ್ರಮವನ್ನು ಅಭ್ಯಸಿಸಿ ಪ್ರಚಾರಕ್ಕೆ ತಂದರು. ಕೂಸಿನ ಹೊಟ್ಟೆ ಚಿಕ್ಕದು. ನೀರು ಬೆರೆಸಿ ತೆಳುಮಾಡಿದ ಗಂಜಿಯಿಂದ ಹೊಟ್ಟೆ ತುಂಬಿದರೂ ಪುಷ್ಟಿ ಸಾಲದು. ಗಟ್ಟಿ ಗಂಜಿಯನ್ನು ನುಂಗಲಾರದು. ಚಮಚದಷ್ಟು ಮಾಲ್ಟು ಈ ಬಿಕ್ಕಟ್ಟನ್ನು ಬಿಡಿಸುತ್ತದೆ: ಹೆಚ್ಚು ಹಿಟ್ಟು ಹಾಕಿಯೂ ಗಂಜಿ ತೆಳುವಾಗಿರುತ್ತದೆ. ಅಂದಮೇಲೆ ಬಟ್ಟಲು ತುಂಬ ಮಾಲ್ಟೇ ಇರಬೇಕೆಂಬ ನಿಯಮವಿಲ್ಲ. ಅಗ್ಗವಾದ ಸಾಮಾನ್ಯ ರಾಗಿಹಿಟ್ಟಿನ ಗಂಜಿಗೆ ಒಂದು ಚಮಚ ಒಳ್ಳೆಯ ಮಾಲ್ಟು ಸಾಕು. ವೈಶಾಖದ ಬಿಸಿಲಿನಲ್ಲಿ ಕಿಟಕಿಯ ಬಳಿ ಒಂದು ಮೊರದಷ್ಟು ಒಣಗಿಸಿಕೊಂಡರೂ ಮಳೆಗಾಲದ ಹಲವು ವಾರಗಳಿಗೆ ಬಂದೀತು. ಅಷ್ಟಕ್ಕೂ ಬಿಡುವಿಲ್ಲದ ಮನೆಯವರು ಸಣ್ಣದೊಂದು ಪೊಟ್ಟಣ ಕೊಂಡು ಚಮಚದ ಲೆಕ್ಕದಲ್ಲಿ ಬಳಸಿದರೆ, ದುಬಾರಿಯ ಮಾಲ್ಟೂ ಹಗುರವಾಗಿಯೇ ತೋರೀತು.