ಪಾಠಶಾಲೆಯ ಕೋಣೆಯಲ್ಲಿ ಬೆಳಕು ಮತ್ತು ಸದ್ದು

ಪ್ರಾಥಮಿಕ ಶಾಲೆಯ ಕೋಣೆಯೊಂದನ್ನು ಅಣಿಗೊಳಿಸುವುದೆಂದರೆ ನೆಲಕ್ಕೆ ಜಮಖಾನ ಹಾಸುವುದು, ಕರಿಹಲಗೆಯನ್ನು ಗೋಡೆಗೆ ತೂಗುಹಾಕುವುದು, ಎರಡು ಚಿತ್ರಪಟಗಳನ್ನು ಅಂಟಿಸುವುದು, ಇಷ್ಟೇ ಎಂದು ನಾವು ಬಹುಕಾಲ ಭಾವಿಸಿದ್ದೆವು. ಭೌತಶಾಸ್ತ್ರಕ್ಕೂ ಒಂದನೆಯ ತರಗತಿಗೂ ಏನು ಸಂಬಂಧವೆಂದು ಯಾರಾದರೂ ಕೇಳಿದ್ದರೆ ನಕ್ಕುಬಿಡುತ್ತಿದ್ದೆವೋ ಏನೋ. ಜಗಳೂರು ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ಕಂಡ ಹುಡುಗನೊಬ್ಬನು ನಮ್ಮ ಈ ಭಾವನೆಯನ್ನು ತಿದ್ದಿದನು.

ಅವನು ಮೂರನೆಯ ತರಗತಿಯವನು. ಹಲಗೆಯ ಮೇಲಿನ ಲೆಕ್ಕವನ್ನು ಪುಸ್ತಕಕ್ಕೆ ಇಳಿಸುವಾಗ ನಿತ್ಯವೂ ತಪ್ಪು. 8 ಇದ್ದಲ್ಲಿ 3 ಬರೆಯುವನು, 7 ಇದ್ದಲ್ಲಿ 1 ಬರೆಯುವನು. “ಇವನಿಗೆ ಕಣ್ಣು ಮಂದವೋ ಬುದ್ಧಿಯೇ ಮಂದವೋ ಗೊತ್ತಾಗುತ್ತಿಲ್ಲ ಸಾರ್. ಅವರ ಅಪ್ಪನಿಗೆ ಹೇಳಿಕಳಿಸಿದ್ದೇನೆ” ಎಂದರು ಉಪಾಧ್ಯಾಯಿನಿ. ನಾವು ಆ ಹುಡುಗನ ಪಕ್ಕದಲ್ಲಿ, ಅವನ ತಲೆಯ ಮಟ್ಟಕ್ಕೆ ನಮ್ಮ ತಲೆಯನ್ನು ತಗ್ಗಿಸಿ ಕುಳಿತೆವು. ಹಲಗೆಯ ಬಲಭಾಗದ ಅರ್ಧವೆಲ್ಲ ಬೆಳ್ಳಗೆ ಹೊಳೆಯುತ್ತಿತ್ತು. ಅಕ್ಷರವೊಂದೂ ನಮಗೆ ಕಾಣಿಸಲಿಲ್ಲ. ಎದ್ದು ನಿಂತೊಡನೆ ಎಲ್ಲವೂ ಸ್ಪಷ್ಟ! ಮಂದವಾಗಿದ್ದುದು ಹುಡುಗನಲ್ಲ, ಅವನು ಕುಳಿತ ಜಾಗ.

ಬೆಳಕಿನ ಕಿರಣವು ನುಣುಪಾದ ಮೈಮೇಲೆ ಯಾವ ಕೋನದಲ್ಲಿ ಬೀಳುವುದೋ ಅದೇ ಕೋನದಲ್ಲಿ ಪ್ರತಿಫಲಿಸುವುದೆಂಬುದನ್ನು ನಮ್ಮ ವಾಚಕರು ಪ್ರೌಢಶಾಲೆಯಲ್ಲಿಯೇ ಓದಿರುವರಷ್ಟೆ. ವರ್ಷಗಟ್ಟಲೆ ಒರೆಸಿ ಒರೆಸಿ ನುಣುಪಾದ ಹಲಗೆಯು ಕನ್ನಡಿಯ ಗುಣವನ್ನು ಸ್ವಲ್ಪಮಟ್ಟಿಗೆ ಪಡೆದಿರುತ್ತದೆ. ಪಕ್ಕದ ಗೋಡೆಯ ಕಿಟಕಿಯಿಂದ ಬಂದ ಬೆಳಕು ಹಲಗೆಗೆ ತಾಗಿ, ಎದುರು ಮೂಲೆಯಲ್ಲಿ ಕುಳಿತವನ ಕಣ್ಣಿಗೇ ನೇರವಾಗಿ ಹೋಗುತ್ತದೆ. ಇದನ್ನು ಪರೀಕ್ಷಿಸಲು ಸಣ್ಣದೊಂದು ಮುಖ ನೋಡುವ ಕನ್ನಡಿ ಸಾಕು. ಒಬ್ಬರು ಕನ್ನಡಿಯನ್ನು ಹಲಗೆಗೆ ಒತ್ತಿ ಹಿಡಿದು ನಿಧಾನವಾಗಿ ಸರಿಸುತ್ತ ಹೋಗಲಿ. ಇನ್ನೊಬ್ಬರು ಮಗುವಿನ ಸ್ಥಾನದಲ್ಲಿ ಮಗುವಿನ ಎತ್ತರಕ್ಕೆ ಕುಳಿತು ನೋಡಲಿ. ಕನ್ನಡಿಯಲ್ಲಿ ಎಲ್ಲಿ ಕಿಟಕಿ ಕಂಡಿತೋ, ಹಲಗೆಯ ಆ ಭಾಗವು ಆ ಮಗುವಿನ ಪಾಲಿಗೆ ಇಲ್ಲದಂತೆಯೇ ಸರಿ. ಸೂರ್ಯನು ಚಲಿಸಿದರೆ ಈ ತೊಂದರೆಯೂ ಸರಿದುಹೋಗುವುದಿಲ್ಲವೇ ಎಂದು ಕೇಳಬಹುದು. ಇಲ್ಲ. ಇಲ್ಲಿ ಬೆಳಕಿನ ಮೂಲವು ಸೂರ್ಯನಲ್ಲ, ಕಿಟಕಿ. ಕಿಟಕಿ ಇದ್ದಲ್ಲಿಯೇ ಇರುತ್ತದೆ. ಆದುದರಿಂದ ಕೆಟ್ಟ ಜಾಗವೂ ಇದ್ದಲ್ಲಿಯೇ ಇರುತ್ತದೆ, ಅದರ ಹೊಳಪು ಮಾತ್ರ ಹೆಚ್ಚುಕಡಿಮೆಯಾಗುತ್ತದೆ. ಹಿಂದೆ ಹಳ್ಳಿಯ ಶಾಲೆಗಳಲ್ಲಿ ಇದ್ದಿಲನ್ನು ಸೊಪ್ಪಿನ ರಸದಲ್ಲಿ ಅರೆದು ಹಲಗೆಗೆ ಬಳಿಯುತ್ತಿದ್ದುದು ಕೇವಲ ಕಪ್ಪು ಬಣ್ಣಕ್ಕಾಗಿ ಎಂದು ತಿಳಿಯಬಾರದು. ಒರಟಾದ ಮೈ ಬೆಳಕನ್ನು ಒಂದೇ ದಿಕ್ಕಿಗೆ ಕಳುಹಿಸದೆ ಎಲ್ಲ ಕಡೆಗೂ ಚದರಿಸುತ್ತದೆ.

ಇನ್ನು ಕಿಟಕಿಗಳ ದಿಕ್ಕು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂ ಊರುಗಳು ಸುಮಾರು 14ರಿಂದ 14½ ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಇಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯನು ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ ಇರುತ್ತಾನೆ. ಉಳಿದ ಕಾಲದಲ್ಲಿ ದಕ್ಷಿಣಕ್ಕೆ. ಡಿಸೆಂಬರ್ 21ರ ಸುಮಾರಿಗೆ ಮಧ್ಯಾಹ್ನ ಅವನ ಎತ್ತರ ಸುಮಾರು 52 ಡಿಗ್ರಿ. ಲೆಕ್ಕ ಹಾಕಿದರೆ, ಸೂರಿನಿಂದ ಕಿಟಕಿಯ ತಳದವರೆಗೆ 4 ಅಡಿ ಇದ್ದಲ್ಲಿ ದಕ್ಷಿಣದ ಕಡೆ 3 ಅಡಿಗಿಂತ ಚೂರು ಹೆಚ್ಚು ಮುಂಚಾಚಿದ ಸೂರು ವರ್ಷದ ಎಲ್ಲ ಮಧ್ಯಾಹ್ನಗಳ ನೇರ ಬಿಸಿಲನ್ನೂ ತಡೆಯುತ್ತದೆ. ಹಳೆಯ ಶಾಲೆಗಳ ಜಗಲಿಯು ಈ ಕೆಲಸವನ್ನು ಯಾವ ಲೆಕ್ಕವೂ ಇಲ್ಲದೆ ಮಾಡುತ್ತಿತ್ತು. ಪೂರ್ವ ಪಶ್ಚಿಮದ ಕಿಟಕಿಗಳಿಗಾದರೋ ಯಾವ ಸೂರೂ ಸಾಲದು, ಬೆಳಗ್ಗೆ ಸಂಜೆ ಬಿಸಿಲು ಓರೆಯಾಗಿ ತೂರುತ್ತದೆ. ಮೇಲಾಗಿ ಪಶ್ಚಿಮದಿಂದ ಮುಂಗಾರಿನ ಎರಚಲು ಹೊಡೆದಾಗ ಕದ ಮುಚ್ಚಬೇಕು. ಕದ ಮುಚ್ಚಿದರೆ ಕತ್ತಲೆ.

ಒಂದೇ ನಕ್ಷೆಯ ಕೋಣೆ ಎಲ್ಲೆಡೆಯೂ ಒಂದೇ ರೀತಿ ವರ್ತಿಸುವುದಿಲ್ಲವೆಂಬುದನ್ನೂ ಹೇಳಬೇಕು. ಜಗಳೂರಿನ ಬಯಲಿನಲ್ಲಿ ಬಿಳಿಚಿದ ಅಂಗಳವು ಬಿಸಿಲನ್ನು ಕಿಟಕಿಯೊಳಕ್ಕೆ ಎತ್ತಿ ಎಸೆಯುತ್ತದೆ; ಅಲ್ಲಿಯ ತೊಂದರೆ ಹೊಳಪು. ಚನ್ನಗಿರಿಯ ಕಡೆ ಅಡಕೆ ತೋಟಕ್ಕೆ ಅಂಟಿಕೊಂಡ ಶಾಲೆಯಲ್ಲಿ ಜುಲೈ ತಿಂಗಳ ಹಗಲಿನಲ್ಲಿಯೇ ಮಕ್ಕಳು ಪುಸ್ತಕವನ್ನು ಮೂಗಿನ ಹತ್ತಿರ ಹಿಡಿಯುವರು. ಅಂಥಲ್ಲಿ ಒಳಗೋಡೆಗೆ ಸುಣ್ಣ ಬಳಿಯುವುದೇ ಅರ್ಧ ದೀಪ.

ಈಗ ಮಕ್ಕಳನ್ನು ಕುಳ್ಳಿರಿಸುವ ಕ್ರಮಕ್ಕೆ ಬರೋಣ. ಕರ್ನಾಟಕದಲ್ಲಿ ಈ ಕ್ರಮವನ್ನೇ ಬುಡಮಟ್ಟ ಬದಲಿಸಿದುದು ‘ನಲಿ-ಕಲಿ’ ಪದ್ಧತಿ. ಆಂಧ್ರಪ್ರದೇಶದ ರಿಷಿ ವ್ಯಾಲಿಯ ಶಾಲೆಗಳಲ್ಲಿ ನಡೆದ ಪ್ರಯೋಗದಿಂದ ಪ್ರೇರಣೆ ಪಡೆದು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಇದು ಆರಂಭವಾಯಿತು. 2009-10ರಲ್ಲಿ ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಿತು. ಇಲ್ಲಿ ಸಾಲು ಇಲ್ಲ. ಮಕ್ಕಳು ‘ತಟ್ಟೆ’ ಎಂದು ಕರೆಯುವ ಗುಂಪುಗಳಲ್ಲಿ ವೃತ್ತವಾಗಿ ನೆಲದ ಮೇಲೆ ಕೂರುತ್ತಾರೆ. ಒಂದು ತಟ್ಟೆಗೆ ಉಪಾಧ್ಯಾಯರ ಪೂರ್ಣ ನೆರವು, ಇನ್ನೊಂದಕ್ಕೆ ಅರೆ ನೆರವು, ಮತ್ತೊಂದಕ್ಕೆ ಗೆಳೆಯರ ನೆರವು, ಕೊನೆಯದರಲ್ಲಿ ಸ್ವಪ್ರಯತ್ನ. ಮಗುವು ಕಲಿಕೆಯ ಏಣಿಯಲ್ಲಿ ತನ್ನ ಮೆಟ್ಟಿಲನ್ನು ಗುರುತಿಸಿ, ಚಿತ್ರವಿರುವ ಕಾರ್ಡನ್ನು ತೆಗೆದುಕೊಂಡು ತಕ್ಕ ತಟ್ಟೆಗೆ ತಾನೇ ಹೋಗುತ್ತದೆ. ಗೋಡೆಯ ಬುಡದಲ್ಲಿ ಮಗುವಿನ ಕೈಗೆಟಕುವ ಕರಿಹಲಗೆ, ತಲೆಯ ಮೇಲೆ ಮಕ್ಕಳ ಕೆಲಸಗಳನ್ನು ತೂಗುಬಿಡುವ ದಾರದ ಚಪ್ಪರ.

ಬೋಧನಶಾಸ್ತ್ರದ ಗುಣದೋಷಗಳನ್ನು ಬಲ್ಲವರು ಹೇಳಲಿ. ಭೌತಶಾಸ್ತ್ರದ ದೃಷ್ಟಿಯಿಂದ ನಮಗೆ ಇದರಲ್ಲಿ ಒಂದು ದೊಡ್ಡ ಅನುಕೂಲ ಕಾಣುತ್ತದೆ. ಕೋಣೆಯಲ್ಲಿ ಕೆಟ್ಟ ಜಾಗವೆಂಬುದು ಇದ್ದೇ ಇರುತ್ತದೆ. ಆದರೆ ತಟ್ಟೆಯಿಂದ ತಟ್ಟೆಗೆ ಸಾಗುವ ಮಗು ವರ್ಷವಿಡೀ ಅಲ್ಲಿಯೇ ಕೊಳೆಯುವುದಿಲ್ಲ. ಅನನುಕೂಲವೂ ಉಂಟು. ವೃತ್ತದಲ್ಲಿ ಕಿಟಕಿಗೆ ಬೆನ್ನು ಮಾಡಿದವನ ಪುಸ್ತಕದ ಮೇಲೆ ಅವನದೇ ನೆರಳು. ಬರವಣಿಗೆ ಹೆಚ್ಚಿರುವ ತಟ್ಟೆಯನ್ನಾದರೂ ಕಿಟಕಿಯ ಹತ್ತಿರ ಇಟ್ಟು, ಬಲಗೈಯವರಿಗೆ ಎಡದಿಂದ, ಎಡಗೈಯವರಿಗೆ ಬಲದಿಂದ ಬೆಳಕು ಬೀಳುವಂತೆ ಕೂರಿಸುವುದು ಮೇಲು.

ಆದರೆ ಗುಂಪುಗಳ ಕೋಣೆಯ ನಿಜವಾದ ಕಷ್ಟ ಸದ್ದು. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಒಂದು ಉಪನ್ಯಾಸಮಂದಿರದಲ್ಲಿ ಮಾತು ಅರ್ಥವಾಗುವುದಿಲ್ಲವೆಂಬ ದೂರು ಬಂದಾಗ, ವಾಲೇಸ್ ಸೇಬಿನ್ ಎಂಬ ತರುಣ ಭೌತವಿಜ್ಞಾನಿಗೆ ಅದನ್ನು ಸರಿಪಡಿಸುವ ಹೊಣೆ ಬಿತ್ತು. ಅಲ್ಲಿ ಒಮ್ಮೆ ಹುಟ್ಟಿದ ಸದ್ದು ಐದು ಸೆಕೆಂಡಿಗೂ ಹೆಚ್ಚು ಕಾಲ ಅನುರಣಿಸುತ್ತಿತ್ತು. ಆತನು ರಾತ್ರಿಯ ಹೊತ್ತಿನಲ್ಲಿ ಬೇರೊಂದು ಮಂದಿರದ ಆಸನದ ಮೆತ್ತೆಗಳನ್ನು ತಂದು ಹರಡುತ್ತ, ಅನುರಣನವು ಎಷ್ಟೆಷ್ಟು ತಗ್ಗುವುದೆಂದು ಅಳೆದು ಸೂತ್ರವನ್ನು ಕಂಡುಹಿಡಿದನು: ಅನುರಣನದ ಕಾಲವು ಕೋಣೆಯ ಗಾತ್ರಕ್ಕೆ ಅನುಪಾತವಾಗಿ, ಸದ್ದನ್ನು ಹೀರುವ ಶಕ್ತಿಗೆ ವಿಲೋಮವಾಗಿ ಇರುತ್ತದೆ. ನಮ್ಮ ಶಾಲೆಯ 6 ಮೀಟರ್ ಉದ್ದಗಲ, ಮೂರೂವರೆ ಮೀಟರ್ ಎತ್ತರದ ಗಾರೆಯ ಕೋಣೆಗೆ ಈ ಸೂತ್ರವನ್ನು ಅನ್ವಯಿಸಿ ನೋಡಿದೆವು. ಬರಿದಾದ ಕೋಣೆಯಲ್ಲಿ ಬಾಗಿಲು ಮುಚ್ಚಿದ್ದರೆ ಸುಮಾರು 4 ಸೆಕೆಂಡು. ಬಾಗಿಲು ಕಿಟಕಿ ತೆರೆದರೆ 2. ಇಪ್ಪತ್ತೈದು ಮಕ್ಕಳು ಬಂದು ಕುಳಿತರೆ ಒಂದು ಸೆಕೆಂಡಿಗೆ ಸ್ವಲ್ಪ ಮೇಲೆ. ತರಗತಿಗೆ ತಕ್ಕುದು ಅರ್ಧ ಸೆಕೆಂಡಿನ ಸುಮಾರು. ತೆರೆದ ಕಿಟಕಿ ಮೆತ್ತೆಗಿಂತ ಮೇಲು, ಹೊರಗೆ ಹೋದ ಸದ್ದು ಮರಳಿ ಬಾರದು. ಆದರೆ ಹೊನ್ನಾಳಿಯಂಥ ಊರಿನ ರಸ್ತೆಬದಿಯ ಶಾಲೆಗೆ ಈ ಮಾತು ಹೇಳಲಾಗದು.

ಗದ್ದಲದಲ್ಲಿ ಮನುಷ್ಯನು ತನಗರಿವಿಲ್ಲದೆ ದನಿಯೇರಿಸುತ್ತಾನೆಂದು 1911ರಲ್ಲಿ ಎತಿಯೆನ್ ಲೊಂಬಾರ್ ಎಂಬ ಫ್ರೆಂಚ್ ವೈದ್ಯನು ತೋರಿಸಿದನು. ಒಂದು ತಟ್ಟೆ ದನಿಯೇರಿಸಿದರೆ ಪಕ್ಕದ್ದೂ ಏರಿಸುತ್ತದೆ, ಅದನ್ನು ಕೇಳಿ ಮೊದಲಿನದು ಇನ್ನೂ ಏರಿಸುತ್ತದೆ. ಕೊನೆಗೆ ಎಲ್ಲರಿಗಿಂತ ಗಟ್ಟಿಯಾಗಿ ಕೂಗುವವರು ಉಪಾಧ್ಯಾಯರು. ‘ಸುಮ್ಮನಿರಿ’ ಎಂಬ ಕೂಗು ಈ ಸುತ್ತಿಗೆ ಇನ್ನೊಂದು ಮೆಟ್ಟಿಲನ್ನಷ್ಟೆ ಸೇರಿಸುತ್ತದೆ. ಕೈಯೆತ್ತಿದೊಡನೆ ಎಲ್ಲರೂ ಕೈಯೆತ್ತಿ ಮೌನವಾಗುವ ನಿಯಮವು ಸದ್ದಿಲ್ಲದೆ ಸದ್ದನ್ನು ಮುರಿಯುವುದರಿಂದ ನಮಗೆ ಹೆಚ್ಚು ಶಾಸ್ತ್ರೀಯವಾಗಿ ತೋರುತ್ತದೆ. ದೂರದ ಸಹಾಯವೂ ಉಂಟು. ದೂರ ಇಮ್ಮಡಿಯಾದರೆ ನೇರವಾಗಿ ಬರುವ ಸದ್ದಿನ ತೀವ್ರತೆ ನಾಲ್ಕನೆಯ ಒಂದು ಪಾಲಾಗುತ್ತದೆ. ತಟ್ಟೆಯೊಳಗಿನ ಗೆಳೆಯನು 2 ಅಡಿಯಲ್ಲಿ, ಪಕ್ಕದ ತಟ್ಟೆಯು 8 ಅಡಿಯಲ್ಲಿ ಇದ್ದರೆ ಅವರ ಮಾತು ಇವನಿಗೆ ಹದಿನಾರನೆಯ ಒಂದು ಪಾಲು. ಗೋಡೆಗಳ ಅನುರಣನವು ಈ ಲಾಭವನ್ನು ಸಾಕಷ್ಟು ತಿಂದುಹಾಕುವುದಾದರೂ, ಓದಿ ಹೇಳುವ ತಟ್ಟೆಯನ್ನು ಒಂದು ಮೂಲೆಗೂ ಸ್ವಪ್ರಯತ್ನದ ತಟ್ಟೆಯನ್ನು ಎದುರು ಮೂಲೆಗೂ ಹಾಕಲು ಇಷ್ಟು ಕಾರಣ ಸಾಕು.

ನ್ಯಾಮತಿಯ ಕಡೆಯ ಒಂದು ಶಾಲೆಯಲ್ಲಿ ತಗಡಿನ ಮಾಡು. ಮಳೆ ಜೋರಾದಾಗ ಅಲ್ಲಿ ಯಾವ ಸೂತ್ರವೂ ನಡೆಯುವುದಿಲ್ಲ. ಅಲ್ಲಿಯ ಮೇಷ್ಟ್ರು ಒಂದು ಉಪಾಯ ಮಾಡಿದ್ದಾರೆ. ಮಾಡಿನ ಮೇಲೆ ಮೊದಲ ಹನಿಗಳು ಸದ್ದು ಮಾಡಿದೊಡನೆ, ಯಾರೂ ಹೇಳಬೇಕಾಗಿಲ್ಲ, ಮಕ್ಕಳು ಕಾರ್ಡುಗಳನ್ನು ಗೂಡಿಗೆ ಹಾಕಿ ಪಾಟಿ ತೆಗೆದು ಬರೆಯಲು ತೊಡಗುತ್ತಾರೆ. ಮಳೆ ನಿಲ್ಲುವವರೆಗೆ ಆ ಕೋಣೆಯಲ್ಲಿ ಯಾರೂ ಮಾತನಾಡುವುದಿಲ್ಲ. ಮೇಷ್ಟ್ರು ಒಬ್ಬೊಬ್ಬರ ಬಳಿಗೆ ಹೋಗಿ ಪಕ್ಕದಲ್ಲಿ ಕುಳಿತು ತಿದ್ದುತ್ತಾರೆ. ಜಗಳೂರಿನ ಆ ಹುಡುಗನನ್ನು ಅಂದೇ ಎರಡು ಮೊಳ ಎಡಕ್ಕೆ ಸರಿಸಿ ಕೂರಿಸಿದೆವು, 8 ಎಂಟಾಗಿಯೇ ಪುಸ್ತಕಕ್ಕೆ ಇಳಿಯಿತು. ಕನ್ನಡಿಯನ್ನು ಉಪಾಧ್ಯಾಯಿನಿಯವರು ಕೇಳಿ ಇಟ್ಟುಕೊಂಡರು.